ಟಕ್ ಟಕ್ ಬೇಡವೆಂದ ಏಕಾಂಗಿ ಗಾಯಕರ ಸನ್ನಿಧಿಗೆ

ಮಾನ್ಯರೇ,

ಸ್ವರಸಾಮ್ರಾಟರೂ, ಮನೆಯೊಳಗೂ ಕಪ್ಪು ಕನ್ನಡಕ ತೆಗೆಯದವರೂ, ಮೊನ್ನೆ ಮೊನ್ನೆಯವರೆಗೆ ನಮ್ಮ ರಾಕ್ ತಂಡದ ಮುಂದೆ ನಿಂತು ಹಾಡುತ್ತಿದ್ದವರೂ, ಇದೀಗ ಯಾರ ಹಂಗೂ ಬೇಡವೆಂದು ಒಬ್ಬರೇ ಹೊರಟು ನಿಂತವರೂ, ಎಲ್ಲಕ್ಕಿಂತ ಮಿಗಿಲಾಗಿ ನನ್ನ ಹೆಂಡತಿಯ ಒಡಹುಟ್ಟಿದ ತಮ್ಮನೂ ಆದ ತಮ್ಮ ಸನ್ನಿಧಿಗೆ, ಡ್ರಮ್ಮುಗಳ ನಡುವೆ ಕೂತು ಇಷ್ಟು ವರ್ಷ ತಮ್ಮ ಶರಟಿನ ಬೆನ್ನನ್ನಷ್ಟೇ ದರ್ಶನ ಮಾಡಿ ಪಾವನನಾದ ಭಾವನ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿರುವ ಸಂಗತಿ ಪತ್ರಿಕೆಗಳಿಂದ ತಿಳಿಯಿತು. ನಾವೂ ಕ್ಷೇಮವೇ, ಆದರೆ ನಮ್ಮನ್ನು ಯಾವ ಪತ್ರಿಕೆಯವರೂ ಕೇಳಲಿಲ್ಲ.

ತಾವು ತಂಡ ಬಿಟ್ಟ ಸಂಗತಿಯನ್ನೂ ಪತ್ರಿಕೆಯಲ್ಲೇ ಓದಿ ತಿಳಿಯುವ ಭಾಗ್ಯ ನಮಗೆ ಒದಗಿತು. ಹಿಂದಿನ ದಿನ ತಾನೇ ತಾವು ನಮ್ಮ ಮನೆಯಲ್ಲಿ ಎರಡನೇ ಸಲ ಬಡಿಸಿಕೊಂಡು ಉಂಡು, ಅಕ್ಕನ ಕೈಯಡುಗೆಯನ್ನು ಹೊಗಳಿ, ನನ್ನ ಕೊಡೆಯನ್ನು ತೆಗೆದುಕೊಂಡು ಹೋಗಿದ್ದಿರಿ. ಅಷ್ಟೆಲ್ಲ ಮಾತಿನ ನಡುವೆ ಈ ಒಂದು ಮಾತಿಗೆ ಜಾಗ ಸಿಗದೆ ಹೋದದ್ದು ತಮ್ಮ ತಪ್ಪಲ್ಲ, ಬಾಯಿ ತುಂಬಿತ್ತು. ಮರುದಿನ ಬೆಳಿಗ್ಗೆ ನಾನು ಅರ್ಧ ಗಡ್ಡ ಹೆರೆದುಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ ತಮ್ಮ ಅಕ್ಕ ಪತ್ರಿಕೆ ಹಿಡಿದು ಬಂದು, "ಏನ್ರೀ, ಇವನು ನಿಮ್ಮನ್ನೆಲ್ಲ ಬಿಟ್ಟುಬಿಟ್ಟನಂತೆ, ನಿಮಗೆ ಗೊತ್ತಾ?" ಎಂದು ಕೇಳಿದಳು. ಉಳಿದರ್ಧ ಗಡ್ಡ ಆ ದಿನವೆಲ್ಲ ಹಾಗೆಯೇ ಉಳಿಯಿತು.

ತಾವು ತಮ್ಮ ಏಕವ್ಯಕ್ತಿ ಗಾಯನಯಾತ್ರೆಯನ್ನು "ಮತ್ತೆ ಮುಂದುವರಿಸುತ್ತಿದ್ದೇನೆ" ಎಂದು ಅದೇ ಪತ್ರಿಕೆಯ ಸಂದರ್ಶನದಲ್ಲಿ ಅಪ್ಪಣೆ ಕೊಡಿಸಿದ್ದೀರಿ. ಓದುಗರಿಗೆ ಹಿಂದಿನ ಯಾತ್ರೆಯ ಪರಿಚಯ ಇಲ್ಲದಿರಬಹುದಾದ್ದರಿಂದ ಅದನ್ನು ಕಣ್ಣಾರೆ ಕಂಡ ನಾನು ಎರಡು ಮಾತು ಹೇಳಲೇಬೇಕು. ಆ ಯಾತ್ರೆ ಒಂದು ಚಪ್ಪಲಿ ಅಂಗಡಿಯ ಉದ್ಘಾಟನೆಯಲ್ಲಿ ಆರಂಭವಾಗಿ, ಅದೇ ಅಂಗಡಿಯ ಮೆಟ್ಟಿಲಲ್ಲಿ ಮುಗಿದಿತ್ತು. ಶ್ರೋತೃಗಳಲ್ಲಿ ಹೆಚ್ಚಿನವರು ಒಂದು ಕಾಲಿಗೆ ಹಳೆಯದು ಇನ್ನೊಂದು ಕಾಲಿಗೆ ಹೊಸದು ಹಾಕಿಕೊಂಡು ಅಳತೆ ನೋಡುತ್ತಿದ್ದರು. ತಾವು ಭಾವಪರವಶರಾಗಿ ಕಣ್ಣು ಮುಚ್ಚಿದಿರಿ, ಹಿನ್ನೆಲೆ ಸಂಗೀತದ ಟೇಪು ಓಡತೊಡಗಿತು, ಹಾಡು ಶುರುವಾಗಬೇಕಾದ ಜಾಗ ಬಂತು, ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ತಾವು ಮಾತ್ರ ಮುಚ್ಚಿದ ಕಣ್ಣು ತೆರೆಯಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. ಫ್ಯಾನು, ಮಿಕ್ಸಿ, ಸ್ಪೀಕರುಗಳ ರಿಪೇರಿಯೇ ಕಸುಬಾಗಿದ್ದ ನಾನು ಅಲ್ಲಿ ಸ್ಪೀಕರಿನ ಪಕ್ಕ ಕೂತಿದ್ದೆ. ನೋಡಲಾರದೆ ಸ್ಕ್ರೂಡ್ರೈವರಿನ ಹಿಡಿಯಿಂದ ಸ್ಪೀಕರಿನ ಪೆಟ್ಟಿಗೆಗೆ ಎರಡು ಸಲ ತಟ್ಟಿದೆ: ಟಕ್ ಟಕ್. ತಾವು ಬೆಚ್ಚಿ ಹಾಡತೊಡಗಿದಿರಿ. ಚೆನ್ನಾಗಿಯೇ ಹಾಡಿದಿರಿ, ಅದನ್ನು ಇಲ್ಲವೆಂದರೆ ನನ್ನ ಕಿವಿಗೇ ಅವಮಾನ.

ನಮ್ಮ ತಂಡ ಹುಟ್ಟಿದ್ದು ಆ ಎರಡು ತಟ್ಟಿನಿಂದ ಎಂಬುದು ತಮಗೂ ಗೊತ್ತು. ಹಾಸಿಗೆ ಹೊಲಿಸುವ ನಮ್ಮ ಗೆಳೆಯರು ಬೇಸ್ ಗಿಟಾರು ಹಿಡಿದರು, ಹಲ್ಲಿನ ಡಾಕ್ಟರಮ್ಮ ಕ್ಲಿನಿಕ್ಕಿಗೆ ಬೀಗ ಹಾಕಿ ಗಿಟಾರು ಹೊತ್ತು ಬಂದರು, ನಾನು ಡ್ರಮ್ಮುಗಳ ಹಿಂದೆ ಕೂತೆ. ಹಾಸಿಗೆಯವರ ಗೋದಾಮಿನಲ್ಲಿ ನಾಲ್ಕೂ ಗೋಡೆಗೆ ಹಾಸಿಗೆಗಳನ್ನು ಒರಗಿಸಿಟ್ಟದ್ದರಿಂದ ಒಳಗಿನ ಗಲಾಟೆ ಹೊರಗೆ ಹೋಗುತ್ತಿರಲಿಲ್ಲ. ಹತ್ತಿಯ ಎಳೆ ಮಾತ್ರ ಎಲ್ಲರ ಮೂಗಿಗೂ ಹೋಗುತ್ತಿತ್ತು. ಆ ಗೋದಾಮಿನಲ್ಲಿ ಕೂತು ಹಾಡು ಕಟ್ಟಿದೆವು, ಸೀನಿದೆವು, ಜಗಳವಾಡಿದೆವು, ಮತ್ತೆ ಹಾಡು ಕಟ್ಟಿದೆವು. ತಾವು ಕಣ್ಣು ಮುಚ್ಚಿಯೇ ಹಾಡುವವರು, ಸನ್ನೆ ಮಾಡಿದರೆ ಕಾಣದು, ಕರೆದರೆ ಕೋಪ. ಹಾಗಾಗಿ ಪ್ರತಿ ಚರಣಕ್ಕೂ ಮುಂಚೆ ನಾನು ಡ್ರಮ್ಮಿನ ಅಂಚಿಗೆ ಎರಡು ಸಲ ತಟ್ಟುವುದು, ತಾವು ಎತ್ತಿಕೊಳ್ಳುವುದು ರೂಢಿಯಾಯಿತು. ಮಲಗಿದ ಮಗುವನ್ನು ಎಬ್ಬಿಸುವಂಥ ಈ ಕೆಲಸವನ್ನು ಜನ ಸಂಗೀತವೆಂದೇ ನಂಬಿದರು. ಸಭಾಂಗಣಗಳಲ್ಲಿ ಕುರ್ಚಿಯ ಕೈಗಳ ಮೇಲೆ ನನ್ನ ಜೊತೆ ತಟ್ಟತೊಡಗಿದರು, ಒಬ್ಬ ವಿಮರ್ಶಕರಂತೂ ಅದನ್ನು "ಒಂದು ತಲೆಮಾರಿನ ಎದೆಬಡಿತ" ಎಂದು ಬರೆದರು. ನಾವು ನಾಲ್ವರೂ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಾವೇ ಎಲ್ಲರಿಗಿಂತ ಹೆಚ್ಚು ನಕ್ಕಿರಿ, ನನ್ನ ಭುಜದ ಮೇಲೆ ತಲೆಯಿಟ್ಟು ನಕ್ಕಿರಿ.

ಈಗ ಅದೇ ತಾವು, ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಹಿರಿಯರ ಮಾತನ್ನು ಶಿರಸಾವಹಿಸಿ, ಸಂದರ್ಶನದಲ್ಲಿ ಹೇಳಿದ್ದೀರಿ: "ತಂಡದಲ್ಲಿ ನನಗೆ ಉಸಿರು ಕಟ್ಟುತ್ತಿತ್ತು. ಹಿಂದಿನಿಂದ ಬರುವ ಆ ಟಕ್ ಟಕ್ ನನ್ನ ಮೌನವನ್ನು ಕೊಲ್ಲುತ್ತಿತ್ತು." ಓದಿ ನಾನು ನಡುಗಿಹೋದೆ. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಹಳೆಯ ಗಾದೆ ತಮ್ಮಂಥವರಿಗೆ ಏನೇನೂ ಸಾಲದು. ಕುಣಿಯಲು ಕೈ ಹಿಡಿದು ಎಬ್ಬಿಸಿದವನನ್ನೇ ಡೊಂಕು ಎಂದಿದ್ದೀರಿ, ಗಾದೆಯನ್ನು ಇಷ್ಟು ಬೆಳೆಸಿದವರು ಹಿಂದೆ ಇರಲಿಲ್ಲ, ಮುಂದೆ ಹುಟ್ಟುವುದೂ ಅನುಮಾನ. ಉಸಿರು ಕಟ್ಟುತ್ತಿದ್ದದ್ದು ಹತ್ತಿಯಿಂದ ಎಂದು ಹಾಸಿಗೆಯವರು ವಿನಯದಿಂದ ತಿಳಿಸಲು ಹೇಳಿದ್ದಾರೆ. ಕೊಲೆಯಾದ ಮೌನದ ಸುದ್ದಿ ಓದಿ ಡಾಕ್ಟರಮ್ಮನವರು ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದು, ಇನ್ನು ಕರೆಯಬೇಡಿ ಎಂದು ಹೊರಟುಹೋದರು. ನನಗೆ ಅಳು ಬಂತು. ಅಲಂಕಾರಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಬಂತು.

ಆದರೂ ತಮ್ಮ ಮೊದಲ ಏಕವ್ಯಕ್ತಿ ಕಚೇರಿಗೆ ನಾನೂ ತಮ್ಮ ಅಕ್ಕನೂ ಟಿಕೆಟ್ಟು ಕೊಂಡು ಹೋಗಿ ಕೊನೆಯ ಸಾಲಿನಲ್ಲಿ ಕೂತೆವು. ವೇದಿಕೆಯ ಮೇಲೆ ತಾವೊಬ್ಬರೇ, ಬಿಳಿ ಬೆಳಕು, ಸಾಲದ್ದಕ್ಕೆ ಹೊಗೆ. ಸಂಗೀತವನ್ನೆಲ್ಲ ಯಂತ್ರಕ್ಕೆ ತುಂಬಿಸಿ ತಂದಿದ್ದಿರಿ. ಗಾಜಿನ ಕೋಣೆಯಲ್ಲಿ ಕೂತ ಧ್ವನಿ ನೋಡಿಕೊಳ್ಳುವವರು ಗುಂಡಿ ಒತ್ತಿ ಮೊಬೈಲು ನೋಡತೊಡಗಿದರು. ತಾವು ಕಣ್ಣು ಮುಚ್ಚಿದಿರಿ. ಹಾಡು ಶುರುವಾಗುವ ಜಾಗ ಬಂತು, ಹೋಯಿತು. ನಾವಾಗಿದ್ದರೆ ಸುತ್ತಿ ಬಂದು ಮತ್ತೆ ಅಲ್ಲಿಗೇ ತಂದು ನಿಲ್ಲಿಸುತ್ತಿದ್ದೆವು, ಯಂತ್ರಕ್ಕೆ ಅಷ್ಟು ಮರ್ಯಾದೆ ಕಲಿಸಿದವರಿಲ್ಲ. ಅದು ಮೊದಲ ಚರಣವನ್ನು ತಾನೊಂದೇ ನುಡಿಸಿಕೊಂಡು ಮುಂದೆ ನಡೆಯಿತು. ಸಭಿಕರು ಇದೇನೋ ಮಹಾ ತತ್ವವೆಂದು ಉಸಿರು ಬಿಗಿಹಿಡಿದು ಕೂತರು. ಎರಡನೇ ಚರಣ ಹತ್ತಿರ ಬರುತ್ತಿದ್ದಂತೆ ತಮ್ಮ ಅಕ್ಕ ನನ್ನ ಮಣಿಕಟ್ಟು ಹಿಡಿದು, "ರೀ, ತಟ್ಟಿ" ಎಂದಳು. ನಾನು ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ತಟ್ಟುವುದಿಲ್ಲ ಎಂದೆ. "ನನ್ನ ತಮ್ಮ ಕಣ್ರೀ ಅವನು" ಎಂದಳು.

ಮಾನ್ಯರೇ, ನನ್ನ ಕೈಗಳು ತಮ್ಮ ಗೌರವವನ್ನು ಕಾಪಾಡಿದವು, ಕಾಲು ಕಾಪಾಡಲಿಲ್ಲ. ಯಾರ ಮಾತೂ ಕೇಳದೆ ಅದು ಹಲಗೆಯ ನೆಲಕ್ಕೆ ಎರಡು ಸಲ ತಟ್ಟಿತು, ತಾವು ಗಪ್ಪನೆ ಹಾಡನ್ನು ಹಿಡಿದಿರಿ. ಹಿಡಿಯುವ ಮುಂಚೆ, ಮುಚ್ಚಿದ ಕಣ್ಣಿನ ಕೆಳಗೆ, ತುಟಿಯ ಒಂದು ಮೂಲೆಯಲ್ಲಿ ತಾವು ನಕ್ಕದ್ದನ್ನು ಕೊನೆಯ ಸಾಲಿನಿಂದಲೂ ಕಂಡೆ. ಭಾವ ಬಂದಿದ್ದಾನೆ ಎಂದು ತಮಗೆ ಗೊತ್ತಾಗಿತ್ತು. ಆ ನಗೆಯೊಂದಕ್ಕೇ ನಾನು ಸಂದರ್ಶನವನ್ನೂ ಮರೆಯಲು ತಯಾರಾಗಿದ್ದೆ, ಕೊಡೆಯನ್ನೂ ಮರೆಯಲು ತಯಾರಾಗಿದ್ದೆ. ಇಡೀ ಕಚೇರಿಯುದ್ದಕ್ಕೂ ಪ್ರತಿ ಚರಣಕ್ಕೂ ನನ್ನ ಕಾಲು ದುಡಿಯಿತು.

ಮುಗಿದ ಮೇಲೆ ತಮ್ಮ ಅಕ್ಕ ಖುಷಿಯಿಂದ ವೇದಿಕೆಯ ಹಿಂದಿನ ಕೋಣೆಗೆ ಬಂದಳು, ಅವಳ ಬೆನ್ನಿಗೆ ನಾನೂ ಬಂದೆ. ಹಾರಗಳ ನಡುವೆ ಕೂತಿದ್ದ ತಾವು ನನ್ನನ್ನು ನೋಡಿ, ನೋಡದವರಂತೆ ಅವಳ ಕಡೆ ತಿರುಗಿ, "ಅಕ್ಕಾ, ನೋಡಿದ್ಯಾ? ಯಾರ ಸಹಾಯನೂ ಇಲ್ಲದೆ ಹಾಡಿದೆ" ಎಂದಿರಿ. ಪತ್ರಿಕೆಯವರು ಅಲ್ಲೇ ಇದ್ದರೆಂಬುದು ನಿಜ. ಆದರೆ ಅಕ್ಕನೂ ಅಲ್ಲೇ ಇದ್ದಳು. ಅವಳು ತಮ್ಮ ಕೊರಳಿನ ಹಾರವನ್ನು ಸರಿಮಾಡಿ ಹೊರಗೆ ಬಂದಳು. ಮನೆಯ ಬೀಗ ತೆಗೆಯುತ್ತಾ, "ಡಾಕ್ಟರಮ್ಮನ್ನ ಕರೀರಿ. ಇನ್ಮೇಲೆ ನಾನು ಹಾಡ್ತೀನಿ" ಎಂದಳು.

ಹೀಗೆ ತಮ್ಮ ದಯೆಯಿಂದ ನಮಗೊಬ್ಬ ಗಾಯಕಿ ದೊರೆತಳು. ಅವಳು ಕಣ್ಣು ಬಿಟ್ಟುಕೊಂಡು ಹಾಡುತ್ತಾಳೆ, ಹತ್ತಿಗೆ ಸೀನುವುದಿಲ್ಲ, ಗೋದಾಮನ್ನು ಗುಡಿಸಿಯೇ ಹಾಡಲು ನಿಲ್ಲುತ್ತಾಳೆ. ಮೊದಲ ದಿನ ಅಭ್ಯಾಸದಲ್ಲಿ ನಾನು ರೂಢಿಯಂತೆ ಟಕ್ ಟಕ್ ಎಂದು ತಟ್ಟಿದಾಗ ಹಾಡು ನಿಲ್ಲಿಸಿ ಹಿಂದಕ್ಕೆ ತಿರುಗಿ, "ನಾನೇನು ನಿದ್ದೆ ಮಾಡ್ತಿದೀನಾ?" ಎಂದು ಗದರಿದಳು. ಡಾಕ್ಟರಮ್ಮ ಎಷ್ಟೋ ದಿನಗಳ ಮೇಲೆ ನಕ್ಕರು. ತಟ್ಟುವುದನ್ನು ನಿಲ್ಲಿಸಿದ್ದೇನೆ. ಆ ಜಾಗ ಬಂದಾಗ ಕೈ ಏನು ಮಾಡಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಲ್ಲುತ್ತದೆ. ಒಮ್ಮೆ ನೋಡಿದೆ, ಹಾಸಿಗೆಯವರೂ ಡಾಕ್ಟರಮ್ಮನೂ ಅಲ್ಲಿ ನನ್ನ ಕೈಯನ್ನೇ ನೋಡುತ್ತಿದ್ದರು.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳು. ನಮ್ಮಿಂದ ಕೊಲೆಯಾದ ತಮ್ಮ ಮೌನಕ್ಕೆ ಪರಿಹಾರವಾಗಿ, ಇಷ್ಟು ವರ್ಷ ಹಾಡಿದ ಹಾಡುಗಳೊಳಗಿಂದ ಆ ಟಕ್ ಟಕ್‌ಗಳನ್ನು ಒಂದೊಂದಾಗಿ ಆರಿಸಿ ತೆಗೆದು, ತೊಳೆದು ಒಣಗಿಸಿ, ನಮ್ಮ ಮನೆಗೆ ಮರಳಿಸುವ ಕೃಪೆ ಮಾಡಬೇಕು. ಅಭಿಮಾನಿಗಳ ಬೆರಳುಗಳಿಗೆ ಅಂಟಿಕೊಂಡ ಅಭ್ಯಾಸವನ್ನು ತಾವೇ ಮನೆಮನೆಗೆ ಹೋಗಿ ಬಿಡಿಸಬೇಕು. ಆ ಚಪ್ಪಲಿ ಅಂಗಡಿಯ ಮೆಟ್ಟಿಲಿಗೂ ಹೋಗಿ, ಅಂದು ಸ್ಪೀಕರಿನ ಪಕ್ಕ ಯಾರೂ ಕೂತಿರಲಿಲ್ಲವೆಂದು ಅದಕ್ಕೆ ತಿಳಿಹೇಳಿ ಬರಬೇಕು. ಇದಾವುದೂ ಆಗದಿದ್ದರೆ, ಮಹಾಕಲಾವಿದರ ಬಿಡುವಿಲ್ಲದ ದಿನಚರಿಯನ್ನು ನಾವು ಅರ್ಥಮಾಡಿಕೊಳ್ಳುತ್ತೇವೆ, ಕೊಡೆಯನ್ನಾದರೂ ಕಳಿಸಿ.

ಬರುವ ಶನಿವಾರ ಸಂಜೆ ತಮ್ಮ ಎರಡನೆಯ ಏಕವ್ಯಕ್ತಿ ಕಚೇರಿ ದೊಡ್ಡ ಸಭಾಂಗಣದಲ್ಲಿದೆ ಎಂದು ಗೋಡೆಗೋಡೆಯ ಮೇಲೂ ಓದುತ್ತಿದ್ದೇವೆ. ಅದೇ ಸಂಜೆ, ಅದೇ ಕಟ್ಟಡದ ಸಣ್ಣ ಸಭಾಂಗಣದಲ್ಲಿ ನಮ್ಮದೂ ಇದೆ. ಎಷ್ಟು ಜನ ಬರುತ್ತಾರೋ ಗೊತ್ತಿಲ್ಲ. ಅಂದು ಕುರ್ಚಿಗಳು ಖಾಲಿ ಉಳಿದರೆ ನಮ್ಮ ತಂಡ ಅಲ್ಲಿಗೇ ಮುಗಿಯಿತು ಎಂಬುದು ಮಾತ್ರ ನಾಲ್ವರಿಗೂ ಗೊತ್ತು. ಆದರೂ ಹಾಡುತ್ತೇವೆ. ತಮ್ಮ ಕಚೇರಿಗೆ ಈ ಸಲ ನಾವು ಬರಲಾಗದ್ದಕ್ಕೆ ಕ್ಷಮೆಯಿರಲಿ.

ಇಂತಿ,
ಬೆನ್ನ ಹಿಂದೆ ಕೂತು ಬೆನ್ನಿಗೆ ಚೂರಿ ಹಾಕದೆ ಉಳಿದ ತಮ್ಮ ವಿಶ್ವಾಸಿ,
ಭಾವ

ಮರೆತ ಮಾತು: ಎರಡು ಸಭಾಂಗಣಗಳ ನಡುವೆ ಇರುವುದು ಒಂದು ತೆಳ್ಳನೆಯ ಹಲಗೆಯ ಗೋಡೆಯೇ ಎಂದೂ, ನಮ್ಮ ಕಡೆ ತಟ್ಟಿದರೆ ತಮ್ಮ ಕಡೆ ಚೆನ್ನಾಗಿ ಕೇಳಿಸುತ್ತದೆಯೇ ಎಂದೂ ತಾವು ಕಾವಲುಗಾರರಲ್ಲಿ ವಿಚಾರಿಸಿಕೊಂಡು ಹೋದಿರೆಂದು ತಿಳಿಯಿತು. ನನ್ನ ಕಾಲಿನ ಚಾಳಿಯನ್ನು ಬಲ್ಲ ತಮ್ಮ ಅಕ್ಕ ತಕ್ಷಣ ಹಾಸಿಗೆಯವರಿಗೆ ಹೇಳಿಕಳಿಸಿದ್ದಾಳೆ. ಶನಿವಾರ ಮಧ್ಯಾಹ್ನವೇ ಅವರು ಗೋದಾಮಿನಲ್ಲಿರುವ ಅತಿ ದಪ್ಪನೆಯ ಹಾಸಿಗೆಗಳನ್ನು ತಂದು ಆ ಗೋಡೆಗೆ ಉದ್ದಕ್ಕೂ ಒರಗಿಸಲಿದ್ದಾರೆ. ತಮ್ಮ ಮೌನಕ್ಕೆ ಇನ್ನು ಯಾರ ಭಯವೂ ಇಲ್ಲ.