ಹೊಟ್ಟೆ ತುಂಬಿದ್ದು ತಿಳಿಯದ ಬ್ಯಾಟರಿ

ಹಾರ್ಡ್‌ವೇರ್ ಅಂಗಡಿಯಲ್ಲಿ ಇಂಥ ಪ್ರಸಂಗಗಳು ವಾರಕ್ಕೊಂದು ನಡೆಯುತ್ತವೆ. ನಾನು ಅವನ್ನು ಬರೆದಿಡತೊಡಗಿದ ಮೇಲೆ ವಾರಕ್ಕೆ ಎರಡಾದವು. ಕಾರಣ ಇನ್ನೂ ಗೊತ್ತಾಗಿಲ್ಲ.

ಬಿ.ಎಸ್ಸಿ. ಮುಗಿಸಿ ಕೊಟ್ಟೂರಿನ ಒಂದು ಅಂಗಡಿಗೆ ಸೇರಿದ್ದೆ. ನಮ್ಮ ಮನೆಯಲ್ಲಿ ತಿಂಗಳ ಸಂಬಳದ ಕೆಲಸ ಹಿಡಿದವರಲ್ಲಿ ನಾನೇ ಮೊದಲು. ಆ ಯುಗಾದಿ ಕಳೆದ ಮೇಲೆ ಸಾಹುಕಾರರು ಹುಬ್ಬಳ್ಳಿಯಿಂದ ಎಂಟು ಬ್ಯಾಟರಿ ಡ್ರಿಲ್ ತರಿಸಿದರು. ಏಳು ಮಾರಲು, ಒಂದು ತೋರಿಸಲು. ಅದಕ್ಕೆ ವಯರ್ ಇಲ್ಲ. ಹಿಡಿಕೆಯ ಕೆಳಗೆ ಇಟ್ಟಿಗೆ ತುಂಡಿನಂಥ ಬ್ಯಾಟರಿ. ಅದನ್ನು ಬಿಚ್ಚಿ ಚಾರ್ಜರಿಗೆ ಸಿಕ್ಕಿಸಬೇಕು. ಜೊತೆಗೆ ಬಂದ ಪುಸ್ತಕದಲ್ಲಿ ಹನ್ನೊಂದು ಭಾಷೆಗಳಿದ್ದವು, ಕನ್ನಡ ಇರಲಿಲ್ಲ.

"ಬೀಎಸ್ಸಿ ಓದೀಯಲ್ಲವ್ವಾ, ಇದನ್ನ ನೀನ ತಿಳಿಸಿ ಹೇಳು," ಎಂದರು ಸಾಹುಕಾರರು. "ದಸರಾ ತನಕ ನೋಡೂಣು. ಅಷ್ಟರಾಗ ಒಂದು ಬ್ಯಾಟರಿ ಸುಟ್ಟು ವಾಪಸ್ ಬಂದ್ರೂ ಆ ಕುರ್ಚಿ ನನ್ನ ತಂಗಿ ಮಗಂದು."

ತಂಗಿಯ ಮಗ ಪಕ್ಕದ ಸ್ಟೂಲಿನ ಮೇಲೆ ಕೂತು ನನ್ನ ಕುರ್ಚಿಯನ್ನೇ ನೋಡುತ್ತಿದ್ದ.

ನಾನು ಪುಸ್ತಕ ಓದಿ ಒಂದು ಹಾಳೆಯಲ್ಲಿ ಏಳು ನಿಯಮ ಬರೆದೆ. ಎಡಕ್ಕೆ ನಿಯಮ, ಬಲಕ್ಕೆ ಕಾರಣ. ಝೆರಾಕ್ಸ್ ಮಾಡಿಸಿ ಪ್ರತಿ ಡಬ್ಬಿಯೊಳಗೆ ಒಂದು ಇಟ್ಟೆ. ಇನ್ನು ತಪ್ಪಾಗಲು ಸಾಧ್ಯವೇ ಇಲ್ಲ ಅಂದುಕೊಂಡೆ.

೧. ಕರೆಂಟ್ ಇಲ್ಲದ ಕಡೆಗೆ

ಮೊದಲನೆಯದನ್ನು ಒಯ್ದವರು ಹಗರಿಬೊಮ್ಮನಹಳ್ಳಿಯಲ್ಲಿ ಬಾಗಿಲು, ಕಿಟಕಿ ಕೂಡಿಸುವ ಒಬ್ಬ ಮೇಸ್ತ್ರಿ.

"ಅಂಗಡ್ಯಾಗ ಯಾರೂ ಇಲ್ಲೇನು?" ಎಂದು ಕೇಳುತ್ತಲೇ ಬಂದರು.

"ನಾನು ಅದೀನಲ್ರಿ."

"ಅದು ಕಾಣತೈತಿ ತಂಗಿ. ಡ್ರಿಲ್ ಬಗ್ಗೆ ಹೇಳೋರು ಯಾರದಾರ?"

ನಾನೇ ಒಂದು ಹಲಗೆಗೆ ನಾಲ್ಕು ತೂತು ಹಾಕಿ ತೋರಿಸಿದೆ. ಅವರು ಡ್ರಿಲ್ ಹಿಡಿದು ತಿರುಗಿಸುತ್ತ ರಸ್ತೆಯ ತನಕ ಹೋದರು. ನಿಂತು, ಹಿಂದೆ ವಯರ್ ಬರುತ್ತಿದೆಯೇನೋ ಎಂದು ತಿರುಗಿ ನೋಡಿದರು. ಬಂದು ಕೊಂಡುಕೊಂಡರು.

ನಾಲ್ಕನೆಯ ದಿನ ವಾಪಸ್. "ಇದು ತಿರುಗವಲ್ದು."

"ಚಾರ್ಜ್ ಮಾಡಿದ್ರೇನ್ರಿ?"

"ಹೆಂಗ ಮಾಡ್ಲಿ? ಕಟ್ಟಡಕ್ಕ ಕರೆಂಟ್ ಇಲ್ಲಂತನ ಇದನ್ನ ಒಯ್ದೀನಿ."

"ಮನ್ಯಾಗ ಚಾರ್ಜ್ ಮಾಡಿ ಕಟ್ಟಡಕ್ಕ ಒಯ್ಯಬೇಕ್ರಿ. ಮನ್ಯಾಗ ಕರೆಂಟ್ ಐತಲ್ರಿ?"

"ಐತಿ. ಮನ್ಯಾಗ ಕರೆಂಟ್ ಐತಿ ಅಂದಮ್ಯಾಲ ಅಲ್ಲಿ ನನ್ನ ಹಳೇ ವಯರ್ ಡ್ರಿಲ್ಲೇ ನಡೀತೈತಿ. ಇದ್ಯಾಕ ಬೇಕು?"

ಅವರ ತರ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ಹೇಳಿದೆ: "ಕೊಡದಾಗ ನೀರು ತುಂಬಿಕೊಂಡು ಹೊಲಕ್ಕ ಒಯ್ಯಂಗಿಲ್ಲೇನ್ರಿ? ಹೊಲದಾಗ ನಳ ಇಲ್ಲ. ಹಂಗ ಇದೂ."

ಅವರ ಮುಖ ಅರಳಿತು. ಪೂರ್ತಿ ತಿಳಿಯಿತು ಎಂದರು. ಮೆಟ್ಟಿಲು ಇಳಿದವರು ಮತ್ತೆ ಹತ್ತಿ ಬಂದರು.

"ಹಂಗಾದ್ರ ಇದಕ್ಕೊಂದು ಮುಚ್ಚಳ ಕೊಡು ತಂಗಿ. ಮೋಟರ್ ಸೈಕಲ್ ಮ್ಯಾಲ ಒಯ್ಯೋದು. ದಾರ್ಯಾಗ ಚೆಲ್ಲಿದ್ರ?"

೨. ತಂಪು ಜಾಗ

ಎರಡನೆಯ ನಿಯಮ: ಬ್ಯಾಟರಿಯನ್ನು ಬಿಸಿಲಿನಲ್ಲಿ ಬಿಡಬಾರದು, ತಂಪು ಜಾಗದಲ್ಲಿ ಇಡಬೇಕು.

ಮೇ ತಿಂಗಳಲ್ಲಿ ಹಡಗಲಿಯಿಂದ ಗಂಡ ಹೆಂಡತಿ ಬಂದರು. ಗಂಡ ಬಡಗಿ. ಹೆಂಡತಿಯ ಕೈಯಲ್ಲಿ ಒದ್ದೆ ಬಟ್ಟೆಯ ಗಂಟು. ಬಿಚ್ಚಿದರೆ ಒಳಗೆ ಬ್ಯಾಟರಿ, ಮೈತುಂಬ ಮರಳು.

"ಎಲ್ಲಿ ಇಟ್ಟಿದ್ರಿ ಇದನ್ನ?"

"ಹರವಿ ಬುಡಕ," ಎಂದಳು ಆಕೆ.

ಕುಡಿಯುವ ನೀರಿನ ಹರವಿಯ ಕೆಳಗೆ ನಮ್ಮಲ್ಲಿ ಮರಳು ಹಾಸಿರುತ್ತಾರೆ. ನೀರು ಜಿನುಗಿ ಮರಳು ಸದಾ ತಣ್ಣಗಿರುತ್ತದೆ. ನಿಂಬೆಹಣ್ಣು, ಎಲೆಯಡಿಕೆಯ ಎಲೆ ಎಲ್ಲ ಅದರಲ್ಲೇ ಹೂತಿಡುವುದು. ಬ್ಯಾಟರಿಯನ್ನೂ ಎಲೆಯ ಪಕ್ಕದಲ್ಲಿ ಹೂತಿದ್ದರು.

"ಅಲ್ಲಿ ನೀರು ಇರತೈತಲ್ರಿ!"

"ನೀರಿಲ್ಲದ ತಂಪು ಈ ಸೀಮ್ಯಾಗ ಎಲ್ಲೈತಿ ಯವ್ವಾ?" ಎಂದಳು ಆಕೆ. "ನಿಂಬಿಹಣ್ಣು ಹದಿನೈದು ದಿನ ಕೆಟ್ಟಿಲ್ಲ. ಇದು ಮೂರ ದಿನಕ್ಕ ಕೆಡತೈತಿ ಅಂದ್ರ ನಿನ್ನ ಮಾಲೇ ಸರಿ ಇಲ್ಲ."

ಒಣ ಬ್ರಷ್ಷಿನಿಂದ ಮರಳು ಉದುರಿಸಿ, ನೆರಳಲ್ಲಿ ಎರಡು ದಿನ ಆರಿಸಿ, ಮೀಟರ್ ಹಚ್ಚಿ ನೋಡಿದೆ. ಉಳಿದಿತ್ತು. ನನ್ನ ಕುರ್ಚಿಯೂ ಉಳಿಯಿತು. ಎಲ್ಲ ಹಾಳೆಗಳಲ್ಲೂ 'ತಂಪಾದ, ಒಣಗಿದ ಜಾಗ' ಎಂದು ತಿದ್ದಿದೆ.

ಬ್ಯಾಟರಿ ಒಯ್ಯಲು ಬಂದ ಗಂಡ ಅದನ್ನು ಎರಡು ಸಲ ಓದಿದ. "ತಂಪೂ ಇರಬೇಕು, ಒಣಗೂ ಇರಬೇಕು. ಅಂಥ ಜಾಗ ನಮ್ಮೂರಾಗ ಒಂದೈತ್ರಿ. ಬ್ಯಾಂಕ್ ಮ್ಯಾನೇಜರ್ ಕೋಣಿ. ಒಂದು ಚೀಟಿ ಬರದು ಕೊಡ್ರಿ, ಇಟಗೋತಾರೇನು ಕೇಳಿ ನೋಡ್ತೀನಿ."

೩. ಮೊಳೆ ಚೀಲ

ನಾಲ್ಕನೆಯ ನಿಯಮ: ಮೊಳೆ, ಸ್ಕ್ರೂ ಇರುವ ಚೀಲದಲ್ಲಿ ಬಿಡಿ ಬ್ಯಾಟರಿ ಹಾಕಬಾರದು. ಬ್ಯಾಟರಿಯ ಎರಡೂ ತುದಿಗೆ ಕಬ್ಬಿಣ ತಗುಲಿದರೆ ಕಿಡಿ ಹಾರುತ್ತದೆ.

ಹರಪನಹಳ್ಳಿಗೆ ಹೋದಾಗ ಅಲ್ಲಿ ಡ್ರಿಲ್ ಒಯ್ದಿದ್ದ ಬಡಗಿಯ ಮನೆಗೆ ಹೋಗಿ ಚೀಲ ನೋಡಿದೆ. ಬ್ಯಾಟರಿ ಒಂದೇ ಇತ್ತು, ಒಂದು ಮೊಳೆಯೂ ಇರಲಿಲ್ಲ. ಖುಷಿಯಾಯಿತು.

"ಮೊಳಿ ಎಲ್ಲಿಡ್ತೀರ್ರಿ ಈಗ?"

ಉತ್ತರವಿಲ್ಲ. ಮತ್ತೆ ಕೇಳಿದೆ. ತಲೆಯೆತ್ತಿ ನನ್ನನ್ನು ನೋಡಿ, ಮತ್ತೆ ಕೆಲಸಕ್ಕೆ ಬಗ್ಗಿದರು. ಏನು ತಪ್ಪು ಮಾಡಿದೆನೋ ತಿಳಿಯಲಿಲ್ಲ.

ಒಳಗಿನಿಂದ ಅವರ ಹೆಂಡತಿ ಬಂದಳು. "ಅವರನ್ನ ಮಾತಾಡಿಸಬ್ಯಾಡ ತಂಗಿ. ನಿನ್ನ ಹಾಳಿ ಬಂದಾಗಿಂದ ಮೊಳಿ ಎಲ್ಲಾ ಬಾಯಾಗ ಇಟಗೋತಾರ. ಮನ್ಯಾಗ ಒಂದು ಜಗಳ ಇಲ್ಲ. ಇನ್ನೊಂದು ಹಾಳಿ ಇದ್ರ ಕೊಡು, ನಮ್ಮಕ್ಕನ ಮನಿಗೂ ಬೇಕಾಗೈತಿ."

೪. ಮೂರು ತಾಸು

ಐದನೆಯ ನಿಯಮವೇ ಮುಖ್ಯವಾದದ್ದು. ಮೂರು ತಾಸಿಗಿಂತ ಹೆಚ್ಚು ಚಾರ್ಜಿಗೆ ಇಡಬಾರದು. ನಮ್ಮ ಚಾರ್ಜರ್ ತಾನಾಗಿ ನಿಲ್ಲುವ ಜಾತಿಯದಲ್ಲ. ಬ್ಯಾಟರಿ ತುಂಬಿದ ಮೇಲೂ ತುಂಬುತ್ತಲೇ ಇರುತ್ತದೆ, ಬ್ಯಾಟರಿ ಕಾಯುತ್ತದೆ, ಕೊನೆಗೆ ಸುಡುತ್ತದೆ.

ಕೂಡ್ಲಿಗಿಯ ಗಿರಾಕಿ ಫೋನ್ ಮಾಡಿದ. "ಒಂದು ತಾಸು ಆಗಿತ್ರಿ, ಕರೆಂಟ್ ಹೋತು. ಬಂದಮ್ಯಾಲ ಮತ್ತ ಮೂರು ತಾಸೋ, ಎರಡೋ?"

"ಎರಡ್ರಿ."

ಅರ್ಧ ತಾಸಿಗೆ ಮತ್ತೆ. "ಬಂತ್ರಿ." ಹತ್ತು ನಿಮಿಷಕ್ಕೆ, "ಹೋತ್ರಿ." ಮತ್ತೆ, "ಬಂತ್ರಿ. ನೀವ ಬರಕೊಳ್ರಿ ಮೇಡಮ್, ನನಗ ನೆನಪಿರಂಗಿಲ್ಲ."

ಬರೆದುಕೊಂಡೆ. ಅವನು ಉಳಿದವರಿಗೆ ಹೇಳಿದ. ಹದಿನೈದು ದಿನದಲ್ಲಿ ನನ್ನ ಕುರ್ಚಿಯ ಹಿಂದಿನ ಗೋಡೆಯ ಮೇಲೆ ನಾಲ್ಕು ಊರುಗಳ ಕರೆಂಟ್ ಹೋದ, ಬಂದ ವೇಳೆಯ ದೊಡ್ಡ ಪಟ್ಟಿ ಆಯಿತು.

"ಇದೇನವ್ವಾ, ಬಸ್ಸಿನ ಟೈಮೇನು?" ಎಂದರು ಸಾಹುಕಾರರು.

"ಕರೆಂಟಿನ ಟೈಮ್ ರೀ."

"ಅದಕ್ಕೂ ಟೈಮ್ ಐತೇನು?"

ಒಂದು ಮಧ್ಯಾಹ್ನ ಗುರುತಿಲ್ಲದ ದನಿಯೊಂದು ಫೋನಿನಲ್ಲಿ ಬಹಳ ಮೆತ್ತಗೆ ಮಾತಾಡಿತು. "ಮೇಡಮ್ಮಾರ, ನಾನು ಲೈನ್‌ಮನ್ ರೀ. ಮುಂಜಾನಿಯಿಂದ ನಮ್ಮೂರಾಗ ಕರೆಂಟ್ ಎಷ್ಟು ಸಲ ಹೋಗೈತಿ, ನಿಮ್ಮ ಗ್ವಾಡಿ ಮ್ಯಾಲ ನೋಡಿ ಹೇಳ್ರಿ. ಮ್ಯಾಲಿನವ್ರು ಕೇಳಾಕ ಹತ್ಯಾರ."

"ಯಾವ ಊರ್ರಿ?"

ಆತ ದನಿ ಇನ್ನೂ ಇಳಿಸಿದ. "ಊರ ಹೆಸರು ಬ್ಯಾಡ್ರಿ. ನೀವು ಎಲ್ಲಾ ಊರಿಂದೂ ಓದಿಕೋತ ಹೋಗ್ರಿ, ನಮ್ಮದು ಬಂದಾಗ ನಾ ಹೂಂ ಅಂತೀನಿ."

೫. ಸೋಮವಾರ

ತೆಲಿಗಿಯ ಅಜ್ಜ ಐವತ್ತು ವರ್ಷ ಮರದ ಕೆಲಸ ಮಾಡಿದವರು. ಏಳನೆಯ ಡ್ರಿಲ್ ಅವರದು. ಬ್ಯಾಟರಿ ಬಿಸಿಯಾಗುತ್ತದೆಂದು ಡಬ್ಬಿ ಹಿಡಿದು ಒಂದು ಮಂಗಳವಾರ ಬಂದರು. ಲಗುಬಗೆಯಿಂದ ಡಬ್ಬಿ ತೆರೆದೆ. ಬ್ಯಾಟರಿ ಮುಟ್ಟಿ ನೋಡಿದೆ, ಇನ್ನೂ ಬೆಚ್ಚಗಿತ್ತು.

"ಎಷ್ಟೊತ್ತು ಚಾರ್ಜಿಗೆ ಇಟ್ಟಿದ್ರಿ ಅಜ್ಜಾ?"

"ನಿನ್ನಿ ಸೋಮವಾರಲ್ಲೇನು? ಪೂರ್ತಿ ಇಟ್ಟಿದ್ನಿ. ಇವತ್ತು ಬಸ್ಸು ಬಂದಾಗ ತಗದ್ನಿ. ನಡುವ ಕರೆಂಟ್ ಭಾಳೊತ್ತು ಇರಲಿಲ್ಲ ಬಿಡು."

ಸೋಮವಾರಕ್ಕೂ ಚಾರ್ಜರಿಗೂ ಏನು ಸಂಬಂಧ ಎಂದು ನನಗೆ ತಿಳಿಯಲಿಲ್ಲ. ಅಜ್ಜ ಬಿಡಿಸಿ ಹೇಳಿದರು. ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ದಿನವಿಡೀ ಮೇವು ಹಾಕಿ ಬಿಡುತ್ತಾರೆ. ದುಡಿಯುವ ಡ್ರಿಲ್ಲಿಗೂ ಅಷ್ಟು ಮಾಡದಿದ್ದರೆ ಪಾಪ.

"ಬಿಡುವು ಕೊಡೋದು ಚಲೋದ್ರಿ. ಆದ್ರ ಮೇವು ಮೂರ ತಾಸು ಸಾಕು. ಹೆಚ್ಚಾದ್ರ ಸುಡತೈತಿ."

"ಎತ್ತು ಹೊಟ್ಟಿ ತುಂಬಿದಮ್ಯಾಲ ತಾನ ಮಾರಿ ತಿರುವತೈತಿ. ಇದಕ್ಕ ಅಷ್ಟೂ ತಿಳಿಯಂಗಿಲ್ಲೇನು?"

"ಈ ಚಾರ್ಜರಿಗೆ ತಿಳಿಯಂಗಿಲ್ರಿ. ತಿಳಿಯೋವೂ ಅದಾವ. ಅವಕ್ಕ ರೊಕ್ಕ ಜಾಸ್ತಿ."

ಅಜ್ಜ ಡ್ರಿಲ್ಲನ್ನು ಕನಿಕರದಿಂದ ನೋಡಿದರು. "ಹಂಗಾದ್ರ ಇಲ್ಲಿ ಬರಿ ತಂಗಿ: 'ಇದು ಎತ್ತಲ್ಲ'. ಇಷ್ಟ ಬರದಿದ್ರ ನನಗ ಮೊದಲ ತಿಳೀತಿತ್ತು. ನೀ ಏಳು ನಿಯಮ ಬರದು ಕೆಡಿಸಿಬಿಟ್ಟಿ."

೬. ಪೂಜೆ

ಆಯುಧಪೂಜೆ ಬಂತು. ಸಾಹುಕಾರರ ಗಡುವಿನ ಕೊನೆಯ ದಿನ. ಏಳೂ ಡ್ರಿಲ್ ಹೊರಗಿದ್ದವು, ಒಂದೂ ಸುಟ್ಟು ಬಂದಿರಲಿಲ್ಲ.

ನನಗಿದ್ದದ್ದು ನೀರಿನ ಹೆದರಿಕೆ. ಪೂಜೆಗೆ ಮುಂಚೆ ನಮ್ಮಲ್ಲಿ ಸುತ್ತಿಗೆಯಿಂದ ಟ್ರ್ಯಾಕ್ಟರಿನ ತನಕ ಎಲ್ಲವನ್ನೂ ತೊಳೆಯುತ್ತಾರೆ. ಹಿಂದಿನ ದಿನವೇ ಎಲ್ಲರಿಗೂ ಫೋನ್ ಮಾಡಿದೆ: ಒಣ ಬಟ್ಟೆಯಲ್ಲಿ ಒರೆಸಿ, ವಿಭೂತಿಯನ್ನು ಡ್ರಿಲ್ಲಿನ ಮೈಗೆ ಹಚ್ಚಿ, ಬ್ಯಾಟರಿಯ ತುದಿಗೆ ಬೇಡ. ಫೋನ್ ಇಲ್ಲದ ತೆಲಿಗಿಯ ಅಜ್ಜನಿಗೆ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿ ಕಳಿಸಿದೆ. ನಮ್ಮ ಅಂಗಡಿಯ ಚಿಂತೆ ಇರಲಿಲ್ಲ. ಅಲ್ಲಿ ನಿಯಮದ ಹಾಳೆ ಗೋಡೆಗೇ ಅಂಟಿಸಿತ್ತು.

ಹನ್ನೊಂದಕ್ಕೆ ಪೂಜೆ. ನಾನು ಹೋಗುವ ಹೊತ್ತಿಗೆ ಸಾಹುಕಾರರ ತಂಗಿಯ ಮಗ ಎಲ್ಲ ಅಲಂಕಾರ ಮುಗಿಸಿ ನನ್ನ ಕುರ್ಚಿಯಲ್ಲಿ ಕೂತಿದ್ದ. ನಿಯಮದ ಹಾಳೆಗೆ ಮೂರು ಗೆರೆ ವಿಭೂತಿ ಬಿದ್ದಿತ್ತು, ಮೇಲೆ ಚೆಂಡುಹೂವಿನ ಸರ. ಒಂದು ಅಕ್ಷರವೂ ಕಾಣುತ್ತಿರಲಿಲ್ಲ. ತೆಲಿಗಿಯ ಅಜ್ಜನೂ ಪೂಜೆಗೆಂದು ಬಂದು ಮೂಲೆಯಲ್ಲಿ ನಿಂತಿದ್ದರು.

ಮಂಗಳಾರತಿ ಶುರುವಾಯಿತು. ತಕ್ಕಡಿ, ಸುತ್ತಿಗೆ, ಸ್ಪ್ಯಾನರುಗಳ ನಡುವೆ, ಹೂವಿನ ರಾಶಿಯೊಳಗಿನಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಸಾಹುಕಾರರ ಹೆಂಡತಿ ಎರಡೂ ಕೈಯಿಂದ ಹೊಗೆ ತಂದು ಕಣ್ಣಿಗೆ ಒತ್ತಿಕೊಂಡರು. ನೋಡಿ ಉಳಿದವರೂ ಒತ್ತಿಕೊಂಡರು. ನಾನೂ ಒತ್ತಿಕೊಂಡೆ. ವಾಸನೆ ಮಾತ್ರ ಎಲ್ಲೋ ಕಾಲೇಜಿನ ಲ್ಯಾಬಿನಲ್ಲಿ ಮೂಸಿದ್ದು ಅನ್ನಿಸಿತು.

"ಈ ಸಲ ಲೋಬಾನದ ಧೂಪ ಭಾಳ ಚಲೋ ಐತಲ್ಲೋ," ಎಂದರು ಸಾಹುಕಾರರು, ಆರತಿ ತಿರುಗಿಸುತ್ತಲೇ. "ಎಲ್ಲಿ ತಂದಿ?"

"ಲೋಬಾನ ಇನ್ನೂ ಹಾಕಿಲ್ಲ ಮಾಮಾ," ಎಂದ ಅವನು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಹೂವಿನ ರಾಶಿ ನೋಡಿದೆ. ಒಳಗೊಂದು ಕೆಂಪು ದೀಪ ಉರಿಯುತ್ತಿತ್ತು.

ಮೇನ್ ಸ್ವಿಚ್ ಆರಿಸಿದೆ. ಸರದ ದೀಪಗಳು ಹೋದವು, ಫ್ಯಾನ್ ನಿಂತಿತು. "ಮಂಗಳಾರತ್ಯಾಗ ದೀಪ ಆರಿಸ್ತಿಯೇನು!" ಎಂದು ಯಾರೋ ಕೂಗಿದರು. ಪ್ಲಗ್ ಕಿತ್ತು ಹೂವು ಸರಿಸಿದೆ. ತೋರಿಸುವ ಡ್ರಿಲ್ಲಿನ ಬ್ಯಾಟರಿ ಚಾರ್ಜರಿನಲ್ಲಿ ಕೂತಿತ್ತು. ಮೇಲೆ ಹೊಸ ಖಣದ ಬಟ್ಟೆ ಎರಡು ಮಡಿಕೆ ಹೊದಿಸಿತ್ತು. ಬೆಳಗಿನ ಆರು ಗಂಟೆಯಿಂದ. ಕೆಂಪು ದೀಪ ಪೂಜೆಗೆ ಶೋಭೆ ಎಂದು ತಂಗಿಯ ಮಗ ಇಟ್ಟಿದ್ದನಂತೆ.

ಯಾರೋ ಕೊಡ ಎತ್ತಿದರು. "ನೀರು ಹಾಕಬ್ಯಾಡ್ರಿ!" ಎಂದು ಕೂಗಿ, ಚಾರ್ಜರ್ ಸಮೇತ ಎಲ್ಲವನ್ನೂ ಕಬ್ಬಿಣದ ಬುಟ್ಟಿಗೆ ನೂಕಿ ಹೊರಗೆ ಓಡಿದೆ. ಅಂಗಡಿಯ ಮುಂದೆ ಮರಳಿನ ಗುಡ್ಡೆಯಿತ್ತು. ಅದರ ಮೇಲಿಟ್ಟು ದೂರ ನಿಂತೆ. ಬ್ಯಾಟರಿ ಉಬ್ಬಿ, ಬುಸ್ಸೆಂದು ಉಸಿರು ಬಿಟ್ಟಿತು.

ತಿರುಗಿ ನೋಡಿದರೆ ಸಾಹುಕಾರರು ಆರತಿ ತಟ್ಟೆ ಹಿಡಿದು ನನ್ನ ಹಿಂದೆಯೇ ಬಂದಿದ್ದರು. ಮಂಗಳಾರತಿ ನಡುವೆ ನಿಲ್ಲಿಸುವಂತಿಲ್ಲ. ಹೊಗೆಯಾಡುವ ಬುಟ್ಟಿಗೆ ದೂರದಿಂದಲೇ ಉಳಿದ ಎರಡು ಸುತ್ತು ತಿರುಗಿಸಿ ಮುಗಿಸಿದರು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಚಪ್ಪಲಿ ಬಿಟ್ಟು ಕೈಮುಗಿದರು.

"ಬ್ಯಾಟರಿ ಸುಟ್ಟೈತಿ ಮಾಮಾ," ಎಂದ ತಂಗಿಯ ಮಗ. "ಇವತ್ತಿನ ತನಕ ಅಂದಿದ್ರಿ."

ಸಾಹುಕಾರರು ನನ್ನನ್ನು ನೋಡಿದರು. ಅಜ್ಜ ಮುಂದೆ ಬಂದರು.

"ಸುಟ್ಟು ವಾಪಸ್ ಬಂದ್ರ ಅಂದಿದ್ರಂತ. ಇದು ಅಂಗಡಿ ಬಿಟ್ಟು ಹೋಗೇ ಇಲ್ಲ, ವಾಪಸ್ ಎಲ್ಲಿಂದ ಬರಬೇಕು? ಅದಿರಲಿ. ಆಯುಧಪೂಜಿ ದಿನ ಹತ್ಯಾರನ್ನ ಕೆಲಸಕ್ಕ ಹಚ್ಚಬಾರದು ಅಂತ ನಿಮಗ ಹೇಳಿಕೊಡಬೇಕೇನ್ರಿ ಸಾವ್ಕಾರ್ರ?"

"ಅದು ಕೆಲಸ ಎಲ್ಲಿ ಮಾಡೈತಿ? ಸುಮ್ನ ಕುಂತು ಉಣ್ಣಾಕ ಹತ್ತಿತ್ತು."

"ಉಣ್ಣೋದು ಕೆಲಸಲ್ಲೇನು? ಶ್ರಾವಣದಾಗ ನಮ್ಮೂರ ಮದುವ್ಯಾಗ ಹೋಳಿಗಿ ಉಂಡು ಎದ್ದಾಗ ನೀವು ಎಷ್ಟು ಬೆವತಿದ್ರಿ! ಗಾಳಿ ಹಾಕಿದ್ದು ನಾನ."

ಸಾಹುಕಾರರು ನನ್ನ ಕಡೆ ತಿರುಗಿದರು. "ಹೌದೇನವ್ವಾ? ನಿನ್ನ ಬೀಎಸ್ಸಿ ಏನಂತೈತಿ?"

ನಾನು ಯೋಚಿಸಿದೆ. ತಪ್ಪು ಹುಡುಕಲು ಆಗಲಿಲ್ಲ. "ಅಜ್ಜ ಹೇಳಿದ್ದು ಖರೇರಿ. ಉಣ್ಣುವಾಗ ಬಿಸಿ ಆಗತೈತಿ. ಮ್ಯಾಲ ಬಟ್ಟಿ ಹೊದಿಸಿದ್ರ ಇನ್ನೂ ಜಾಸ್ತಿ."

ಸಾಹುಕಾರರು ಬುಟ್ಟಿಯನ್ನು ನೋಡಿದರು, ತಮ್ಮ ಹೊಟ್ಟೆಯನ್ನು ನೋಡಿಕೊಂಡರು. ಆಮೇಲೆ ತಂಗಿಯ ಮಗನಿಗೆ ಹೇಳಿದರು: "ಅಕಿ ಕುರ್ಚಿ ಬಿಡಲೇ."

ಅಂದೇ ಎಂಟನೆಯ ನಿಯಮ ಬರೆದೆ: ಚಾರ್ಜ್ ಆಗುವಾಗ ಬ್ಯಾಟರಿಯ ಮೇಲೆ ಬಟ್ಟೆ, ಹೂವು ಹೊದಿಸಬಾರದು. ಬಲಗಡೆ ಜಾಗ ಸ್ವಲ್ಪವೇ ಉಳಿದಿತ್ತು. ಅಲ್ಲಿ ಇಷ್ಟೇ ಬರೆದೆ: 'ಕಾರಣ: ಸಾಹುಕಾರರನ್ನು ಕೇಳಿರಿ.'