ಯುದ್ಧದ ಕಥೆ ಹೇಳಾಕ ಹೋಗಿ

ಸಿಟ್ಟು ಮಾಡಿಕೊಳ್ಳಬೇಡಿ ಅಂತ ಡಾಕ್ಟರು ಪ್ರತಿಸಲವೂ ಹೇಳುತ್ತಾರೆ. ಹೇಳಲಿ. ಅವರೇನು ನಮ್ಮ ಕಡೆ ಊರೂರಿಗೆ ಹೋಗಿ ಉಪನ್ಯಾಸ ಕೊಟ್ಟವರಲ್ಲ. ಕೊಟ್ಟವಳಿಗೆ ತಿಂಗಳಿಗೊಂದಾದರೂ ಇಂಥದ್ದು ಆಗಿಯೇ ಆಗುತ್ತದೆ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಗದಗಿನ ಒಂದು ಸಣ್ಣ ವಸ್ತುಸಂಗ್ರಹಾಲಯದವರು ಮನೆಗೆ ಬಂದು, “ಅಕ್ಕೋರ, ತಿಂಗಳಿಗೊಂದು ಊರಾಗ ಉಪನ್ಯಾಸ ಮಾಡ್ರಿ, ಮಂದಿಗೆ ತಿಳೀಲಿ” ಎಂದರು. ವಿಷಯ ನಾನೇ ಆರಿಸಿದೆ. ಎರಡನೇ ಮಹಾಯುದ್ಧದ ಕಾಲಕ್ಕೆ ನಮ್ಮ ಭಾಗದ ಮನೆಗಳಲ್ಲಿ ಏನಾಯಿತು? ಗಂಡ ಬರ್ಮಾಕ್ಕೆ ಹೋದಮೇಲೆ ಹೆಂಡತಿ ಹೇಗೆ ದಿನ ನೂಕಿದಳು? ನೂಲು ಸಿಗದೆ ಮಗ್ಗ ನಿಂತಾಗ ಬೆಟಗೇರಿಯ ನೇಕಾರರು ಏನು ಉಂಡರು? ಸೇನಾಪತಿಗಳ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಇದನ್ನು ಯಾರೂ ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎಂಬುದು ನನಗೆ ಮೊದಲನೇ ದಿನವೇ ತಿಳಿಯತೊಡಗಿತು.

ಒಂದೇ ಒಂದು ಅಕ್ಷರ

ಮೊದಲ ಉಪನ್ಯಾಸ ಗದಗಿನಲ್ಲಿ. ಹತ್ತು ಜನ ಬಂದರೆ ಹೆಚ್ಚು ಅಂದುಕೊಂಡು ಹೋದರೆ ಕುರ್ಚಿಯೆಲ್ಲ ತುಂಬಿ, ಗೋಡೆಗುಂಟ ಮಂದಿ ನಿಂತಿದ್ದರು. ಎಲ್ಲರದೂ ಬೆಳ್ಳನೆಯ ತಲೆ. ಕೆಲವರ ಕಂಕುಳಲ್ಲಿ ಫೈಲು, ಒಬ್ಬರ ಕೈಯಲ್ಲಿ ಎಕ್ಸ್‌ರೇ ಲಕೋಟೆ. ಆಗಿನ ಕಾಲ ಕಂಡವರು, ಹಳೆಯ ಕಾಗದಪತ್ರ ತೋರಿಸಲು ತಂದಿದ್ದಾರೆ ಅಂತ ನನ್ನ ಎದೆ ಉಬ್ಬಿತು. ಮುಕ್ಕಾಲು ತಾಸು ಜೀವ ಬಿಟ್ಟು ಮಾತಾಡಿದೆ. ಕೊನೆಗೆ, “ಪ್ರಶ್ನೆ ಇದ್ರ ಕೇಳ್ರಿ” ಎಂದೆ.

ಮುಂದಿನ ಸಾಲಿನ ಹಿರಿಯರು ಎದ್ದು, “ಎಲ್ಲಾ ಚಲೋ ಹೇಳಿದ್ರಿ. ಆದ್ರ ಮೊಣಕಾಲ ನೋವಿಗೆ ಏನೂ ಹೇಳಲಿಲ್ಲಲ್ರಿ?” ಎಂದರು.

ಹಿಂದಿನಿಂದ ಇನ್ನೊಬ್ಬರು, “ಬಿಪಿ ಯಾವಾಗ ನೋಡ್ತೀರಿ? ಶುಗರ್ ನೋಡ್ತಾರಂತ ಮುಂಜಾನಿಂದ ಉಪವಾಸ ಅದೀನಿ!”

ನಾನು ಆಗ ಹಿಂತಿರುಗಿ ತಲೆಯ ಮೇಲಿದ್ದ ಬ್ಯಾನರ್ ನೋಡಿದೆ. ‘ಯುದ್ಧಕಾಲದ ಬದುಕು’ ಅಂತ ಇರಬೇಕಾದಲ್ಲಿ ‘ವೃದ್ಧಕಾಲದ ಬದುಕು’ ಅಂತ ಕೆಂಪು ಅಕ್ಷರಗಳಲ್ಲಿ ಹೊಳೆಯುತ್ತಿತ್ತು. ಊರ ತುಂಬ ಅದನ್ನೇ ಕಟ್ಟಿದ್ದರಂತೆ.

ಸಭೆ ಮುಗಿದದ್ದೇ ತಡ ಬ್ಯಾನರ್ ಅಂಗಡಿಗೆ ನುಗ್ಗಿದೆ. “ನಾ ಕೈಯಾರೆ ಬರದು ಕೊಟ್ಟಿದ್ದೆ. ಯುದ್ಧ! ಯುದ್ಧ! ನಿನ್ನ ಕಣ್ಣೆಲ್ಲಿದ್ದುವು?”

ಅವನು ಸಮಾಧಾನದಿಂದಲೇ ಹೇಳಿದ. “ನೀವು ಬರದಿದ್ದು ಖರೇನ ಯುದ್ಧ ಅಂತಾನ ಇತ್ತು. ಬಾಗಿಲದಾಗ ನಿಂತಿದ್ದ ನಿಮ್ಮನ್ನ ನೋಡಿದ ಮ್ಯಾಲೆ ನಾನ ತಿದ್ದೀನ್ರಿ.”

ಆಡದ ಮಾತು

ಲಕ್ಷ್ಮೇಶ್ವರದಲ್ಲಿ ವೇದಿಕೆಯ ಮೇಲೆ ಹದಿನೇಳು ಜನ. ಉಪನ್ಯಾಸ ಕೊಡುವವಳು ನಾನೊಬ್ಬಳೇ. ಉಳಿದ ಹದಿನಾರು ಜನ ಯಾತಕ್ಕೆ ಅಂತ ಅವರಿಗೂ ಗೊತ್ತಿರಲಿಲ್ಲ. ಪ್ರಾರ್ಥನೆ, ಸ್ವಾಗತ, ದೀಪ, ಹದಿನೇಳು ಶಾಲು, ಎಲ್ಲರಿಗೂ ಹಾರ. ಹಾರ ಸಾಲದಾದಾಗ ಮೊದಲು ಹಾಕಿದ್ದನ್ನೇ ತೆಗೆದು ಕೊನೆಯವರಿಗೆ ಹಾಕಿದರು.

ಉದ್ಘಾಟಕರು ಎದ್ದು, “ಯುದ್ಧದ ಬಗ್ಗೆ ನನಗೇನೂ ಗೊತ್ತಿಲ್ಲ” ಎಂದರು. ಪ್ರಾಮಾಣಿಕ ಮನುಷ್ಯ, ಬೇಗ ಕೂಡುತ್ತಾರೆ ಅಂದುಕೊಂಡೆ. ಅವರು ಹೊಲದ ಬದುವಿನ ಸಲುವಾಗಿ ತಮ್ಮ ಅಣ್ಣತಮ್ಮಂದಿರ ಜೊತೆಗೆ ಮಾಡಿದ ಯುದ್ಧವನ್ನು ಒಂದು ತಾಸು ವರ್ಣಿಸಿದರು. ಅಷ್ಟರಲ್ಲಿ ಸಭಾಂಗಣದ ಹಿಂದಿನಿಂದ ಒಗ್ಗರಣೆಯ ವಾಸನೆ ಬಂತು. ಜನ ಒಬ್ಬೊಬ್ಬರೇ ಎದ್ದರು. ನಾನು ಟಿಪ್ಪಣಿ ಹಿಡಿದು ಏಳುವಷ್ಟರಲ್ಲಿ ಅಧ್ಯಕ್ಷರು, “ವ್ಯಾಳ್ಯಾ ಆಗೇತಿ, ನೇರ ವಂದನಾರ್ಪಣೆಗೆ ಹೋಗೂಣು” ಎಂದುಬಿಟ್ಟರು.

ವಂದನಾರ್ಪಣೆಯವರು ಮೊದಲೇ ಬರೆದಿಟ್ಟ ಚೀಟಿಯನ್ನು ಓದಿದರು: “ಯುದ್ಧಕಾಲದ ಹೆಣ್ಣುಮಕ್ಕಳ ಬವಣೆಯನ್ನು ಕಣ್ಣಿಗೆ ಕಟ್ಟುವಂತೆ ವಿವರಿಸಿ, ನಮ್ಮೆಲ್ಲರ ಕಣ್ಣು ಒದ್ದೆ ಮಾಡಿದ ಉಪನ್ಯಾಸಕರಿಗೆ ಅನಂತ ವಂದನೆಗಳು.” ಜನ ಚಪ್ಪಾಳೆ ಬೇರೆ ತಟ್ಟಿದರು.

ಊಟದ ಪಂಕ್ತಿಯಲ್ಲಿ ಅವರನ್ನು ಹಿಡಿದು ನಿಲ್ಲಿಸಿದೆ. “ಏನ್ರೀ, ನಾ ಬಾಯೇ ತಗದಿಲ್ಲಲ್ಲ!”

ಅವರು ನನ್ನ ಎಲೆಗೆ ಗೋದಿ ಹುಗ್ಗಿ ನೀಡಿ ಕೈಮುಗಿದರು. “ಅದಕ್ಕ ನೋಡ್ರಿ ಅಕ್ಕೋರ, ನಿಮ್ಮ ಉಪನ್ಯಾಸ ಎಲ್ಲಾರಿಗೂ ಭಾಳ ಹಿಡಿಸೇತಿ.”

ಸಿಪಾಯಿಯ ಟ್ರಂಕು

ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಬರ್ಮಾಕ್ಕೆ ಹೋಗಿದ್ದ ಸಿಪಾಯಿಯೊಬ್ಬನ ತಗಡಿನ ಟ್ರಂಕು ಒಂದು ಮನೆಯ ಅಟ್ಟದ ಮೇಲಿತ್ತು. ಅವನ ಮೊಮ್ಮಗನ ಹೆಂಡತಿ ಅದರಲ್ಲಿ ಹಪ್ಪಳ, ಸಂಡಿಗೆ ಇಡುತ್ತಿದ್ದಳು. ನಾಲ್ಕು ಸಲ ಹೋಗಿ, ಕೈಕಾಲು ಹಿಡಿದು, ಹಪ್ಪಳಕ್ಕೆ ಬೇರೆ ಡಬ್ಬಿ ಕೊಡಿಸಿ ಟ್ರಂಕು ತಂದೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವನ ಹೆಸರು, ನಂಬರು, ಪಲ್ಟನ್ನಿನ ಗುರುತು ಮಾಸಿ ಮಾಸಿ ಕಾಣುತ್ತಿದ್ದವು. ಶಿರಹಟ್ಟಿಯ ಉಪನ್ಯಾಸ ಪೂರ್ತಿ ಆ ಮೂರು ಸಾಲಿನ ಮೇಲೆಯೇ ನಿಂತಿತ್ತು. ಟ್ರಂಕನ್ನು ಹಿಂದಿನ ದಿನವೇ ಕಳಿಸಿದ್ದೆ.

ಮರುದಿನ ಹೋಗಿ ನೋಡಿದರೆ ಮೇಜಿನ ಮೇಲೆ ಬೆಳ್ಳಿಯ ಹಾಗೆ ಥಳಥಳಿಸುವ ಒಂದು ಪೆಟ್ಟಿಗೆ. ಪಕ್ಕದಲ್ಲಿ ಸಭಾಭವನದ ಹಿರಿಯ ಜವಾನ, ಹೊಗಳಿಕೆಗೆ ಕಾದು ನಿಂತ ಹಾಗೆ ನಿಂತಿದ್ದ.

“ಇದರ ಮ್ಯಾಲಿನ ಅಕ್ಷರ ಎಲ್ಲಿ?”

“ಅವಾ? ಯಾರೋ ಏನೇನೋ ಗೀಚಿ ಹೊಲಸ ಮಾಡಿದ್ರು, ಅಕ್ಕೋರ. ಎರಡು ತಾಸು ಉಸುಕಿನ ಕಾಗದ ಹಚ್ಚಿ ತಿಕ್ಕೀನಿ. ಜಪ್ಪಯ್ಯ ಅಂದ್ರೂ ಹೋಗಲೊಲ್ಲದ್ವು, ಕಡೀಕ ಹೋದ್ವು ನೋಡ್ರಿ!”

ಕಾಡು, ಮಳೆ, ಬಾಂಬು, ಎಂಬತ್ತು ವರ್ಷದ ಅಟ್ಟ ಎಲ್ಲವನ್ನೂ ದಾಟಿ ಬಂದ ಅಕ್ಷರಗಳು ಇವನ ಉಸುಕಿನ ಕಾಗದಕ್ಕೆ ಸೋತಿದ್ದವು. ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಪಾಪ ಅವನಿಗೂ ಸಂಕಟವಾಯಿತು. “ಅಳಬ್ಯಾಡ್ರಿ. ಅಕ್ಷರ ಬೇಕಂದ್ರ ಬರದರಾತು, ಅದೇನು ದೊಡ್ಡ ಮಾತು?” ಎಂದು ಒಳಗೆ ಓಡಿದ.

ನಾನು ನೀರು ಕುಡಿದು ಬರುವಷ್ಟರಲ್ಲಿ ಸಿಪಾಯಿಯ ಹೆಸರಿದ್ದ ಜಾಗದಲ್ಲಿಯೇ ದಪ್ಪ ಕೆಂಪಕ್ಷರದಲ್ಲಿ ಬರೆದಾಗಿತ್ತು: ‘ಭಾಳ ಹಳೇ ಟ್ರಂಕು. ಬಣ್ಣ ಹಸಿ ಐತಿ, ಮುಟ್ಟಬ್ಯಾಡ್ರಿ.’

ಎರಡು ನಿಮಿಷದ ಮೌನ

ಇಷ್ಟು ದಿನ ಸಿಟ್ಟು ನನ್ನದಾಗಿತ್ತು. ಮುಂಡರಗಿಯಲ್ಲಿ ಅದು ನನ್ನ ಕಡೆಗೇ ತಿರುಗಿತು.

ಅಲ್ಲಿಯದು ಸ್ಮರಣೆಯ ಕಾರ್ಯಕ್ರಮ. ಆ ಭಾಗದಿಂದ ಯುದ್ಧಕ್ಕೆ ಹೋಗಿ ತಿರುಗಿ ಬಾರದವರ ಪಟ್ಟಿಯನ್ನು ನಾನೇ ಮಾಡಿದ್ದೆ. ಹಳೆಯ ಸರಕಾರಿ ಕಾಗದಗಳನ್ನು ಹುಡುಕಿ ಹನ್ನೊಂದು ಹೆಸರು ಕೂಡಿಸಿದ್ದೆ. ಸಂಗ್ರಹಾಲಯದವರು ಅದಕ್ಕೆ ಕಟ್ಟು ಹಾಕಿಸಿ, ಹೂವಿನ ಹಾರ ಹಾಕಿ ಗೋಡೆಗೆ ತೂಗುಹಾಕಿದ್ದರು. ಒಂದೊಂದೇ ಹೆಸರು ಓದಿ, ಎರಡು ನಿಮಿಷ ಮೌನ ಆಚರಿಸೋಣ ಎಂದೆ. ಎಲ್ಲರೂ ಎದ್ದು ತಲೆಬಾಗಿದರು.

ಅರ್ಧ ನಿಮಿಷ ಆಗಿರಲಿಲ್ಲ, ಹಿಂದಿನಿಂದ ಒಂದು ದನಿ. “ಏ ಯವ್ವಾ, ಏಳನೇ ಹೆಸರು ಇನ್ನೊಮ್ಮೆ ಓದು.”

ಡಂಬಳದ ಕಡೆಯಿಂದ ಬಂದಿದ್ದ ಅಜ್ಜಿ. ಎಂಬತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಕೋಲು. ಓದಿದೆ.

“ಅವ ನಮ್ಮಪ್ಪ.”

ಸಭೆಯೇ ಗದ್ಗದವಾಯಿತು. ಯಾರೋ ಶಾಲು ತರಲು ಓಡಿದರು. ನಾನೂ ಮುಂದೆ ಬಂದು, “ಅವ್ವಾ, ನಿಮ್ಮ ತಂದಿಯವರು ಬರ್ಮಾದಾಗ ವೀರಮರಣ ಹೊಂದಿದ್ರು. ಅವರು ಊರಿಗೇ ಹೆಮ್ಮಿ” ಎಂದೆ.

“ಯಾವಾಗ ಸತ್ತ?”

“ಯುದ್ಧ ನಡದಾಗ, ಅವ್ವಾ.”

“ನಾ ಹುಟ್ಟಿದ್ದು ಯುದ್ಧ ಮುಗದು ಮೂರು ವರ್ಷಕ್ಕ!”

ಆಗ ಬಿತ್ತು ನೋಡಿ ನಿಜವಾದ ಮೌನ. ಸಭೆಯಲ್ಲಿ ಕೆಲವರು ಬೆರಳು ಮಡಿಚಿ ಲೆಕ್ಕ ಹಾಕುತ್ತಿರುವುದು ಕಾಣಿಸಿತು. ಅಜ್ಜಿಗೂ ಕಾಣಿಸಿತು. ಕೋಲು ನೆಲಕ್ಕೆ ಕುಟ್ಟಿ ಗುಡುಗಿದಳು. “ಹಂಗಾರ ನಾ ಯಾರ ಮಗಳು? ನಮ್ಮವ್ವನ ಮರ್ಯಾದಿ ತಗದು, ಕಟ್ಟು ಹಾಕಿಸಿ, ಹಾರ ಹಾಕಿ ಗೋಡಿಗೆ ಹೊಡದೀಯೇನು?”

ಅವಳನ್ನು ಕೈಹಿಡಿದು ಕೂಡಿಸಿ, ನಡೆದದ್ದೇನು ಅಂತ ಕೇಳಿದೆ. ಆಗಿದ್ದು ಇಷ್ಟು. ತೀರಿಕೊಂಡಿದ್ದಾನೆ ಅಂತ ಸರಕಾರದಿಂದ ಕಾಗದ ಬಂದದ್ದು ಖರೆ. ಆದರೆ ಅವನು ಜ್ವರ ಹಿಡಿದು ಎಲ್ಲೋ ಒಂದು ದವಾಖಾನೆಯಲ್ಲಿ ಬಿದ್ದಿದ್ದ. ತಿಂಗಳುಗಟ್ಟಲೆ ಕಳೆದ ಮೇಲೆ ಗದಗಿನಲ್ಲಿ ರೈಲು ಇಳಿದು ನಡೆಯುತ್ತ ಊರಿಗೆ ಬಂದರೆ ಮನೆಯ ಮುಂದೆ ಊಟದ ಪಂಕ್ತಿಗೆ ಎಲೆ ಹಾಕಿದ್ದರು.

“‘ಯಾರದು ದಿನಕರ್ಮಾ?’ ಅಂತ ಕೇಳಿದನಂತ” ಎಂದಳು ಅಜ್ಜಿ. “‘ನಿಂದ’ ಅಂದ್ರಂತ. ‘ಹಂಗಾರ ಮೊದಲು ನನಗ ನೀಡ್ರಿ, ಎರಡು ದಿನಾ ಆತು ಉಂಡಿಲ್ಲ’ ಅಂತ ಹೋಗಿ ಕುಂತನಂತ. ಆಮ್ಯಾಲೆ ನಾಕು ಮಕ್ಕಳು ಹುಟ್ಟೀವಿ. ನಲವತ್ತು ವರ್ಷ ಒಕ್ಕಲತನ ಮಾಡಿ, ಎಣ್ಣಿಗಾಯಿ ರೊಟ್ಟಿ ಉಂಡು, ಹಾಸಿಗಿ ಮ್ಯಾಲೆ ಸತ್ತಾನ ಅವ. ಇಷ್ಟು ಕಲಿತಾಕಿ ನೀ, ಒಮ್ಮಿ ಮನಿಗೆ ಬಂದು ಕೇಳಾಕ ಏನಾಗಿತ್ತು?”

ಕೇಳಬೇಕಾಗಿತ್ತು. ಕಾಗದ ನಂಬಿದೆ, ಮನೆ ಮರೆತೆ. ಕೈಮುಗಿದು ತಪ್ಪಾಯಿತು ಎಂದೆ. ಅಜ್ಜಿಯ ಎದುರಿಗೇ ಕಟ್ಟು ಇಳಿಸಿ, ಗಾಜು ತೆಗೆದು, ಏಳನೇ ಹೆಸರನ್ನು ಹೊಡೆದುಹಾಕಿದೆ. ಅವಳು ಬಗ್ಗಿ ನೋಡಿ, “ಇನ್ನೊಂದು ಗೆರಿ ಎಳಿ” ಎಂದು ಎಳೆಸಿದಳು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, “ಆತು, ಉಳಿದ ಹತ್ತು ಮಂದಿ ಸಲುವಾಗಿ ಮೌನ ಮುಂದುವರಿಸೂಣು” ಎಂದರು. ಎಲ್ಲರೂ ಮತ್ತೆ ತಲೆಬಾಗಿದರು.

ಅಜ್ಜಿ ಕೋಲು ಎತ್ತಿದಳು. “ತಡೀರಿ! ಮೊದಲು ಆ ಹತ್ತೂ ಮನಿಗೆ ಹೋಗಿ, ಸತ್ತಾರೋ ಇಲ್ಲೋ ಕೇಳಿ ಬರ್ರಿ. ಆಮ್ಯಾಲೆ ಸುಮ್ಮಕ ನಿಂದ್ರೂಣು!”