ಫೆರೆತಿ ಅತ್ತೆಗೆ ಮನೆ ಕಟ್ಟಿಸಿದ್ದು

ಫೆರೆತಿಗೆ ಬಡಗಿಯ ಮೇಲೆ ಅನುಮಾನ ಹುಟ್ಟಿದ್ದು ಶುಕ್ರವಾರ ಬೆಳಿಗ್ಗೆ, ಒಂದು ಕೋಳಿಯ ಕಾಲಿನಿಂದ. ಆ ಕಾಲು ಬಡಗಿ ಆಲಪಾತಿಯ ತಟ್ಟೆಯಲ್ಲಿತ್ತು. ಇನ್ನೊಂದು ಕಾಲೂ ಅಲ್ಲೇ ಇತ್ತು. ಮನೆಯ ಯಜಮಾನನಾದ ಫೆರೆತಿಯ ತಟ್ಟೆಯಲ್ಲಿ ಹಿಂದಿನ ದಿನದ ದೀವಿಹಲಸಿನ ಎರಡು ಹೋಳು ಮಾತ್ರ ಇದ್ದವು.

ಹಾಗೆ ನೋಡಿದರೆ ಇದರಲ್ಲಿ ತಪ್ಪೇನೂ ಇರಲಿಲ್ಲ. ಸಮೋವಾದ ಪೇಟೆ ಕಡೆ ಏನಾದರೂ ಆಗಿರಲಿ, ಸವಾಯಿ ದ್ವೀಪದ ಈ ಮೂಲೆಯಲ್ಲಿ ಮನೆ ಕಟ್ಟಿಸುವವರು ಕೊನೆಯ ಹಲಗೆಗೆ ಮೊಳೆ ಬೀಳುವವರೆಗೂ ಬಡಗಿಗೆ ಮನೆಯ ಒಳ್ಳೆಯ ಊಟವನ್ನೇ ಬಡಿಸಬೇಕು. ಬಡಗಿಗೆ ಬೇಸರವಾದರೆ ಆತ ಜಗಳಕ್ಕೆ ಬರುವುದಿಲ್ಲ. ಉಳಿ ಬಾಚಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದು ಹೋಗುತ್ತಾನೆ. ಹಾಗೆ ಬಿಟ್ಟುಹೋದ ಕೆಲಸವನ್ನು ಇನ್ನೊಬ್ಬ ಬಡಗಿ ಮುಟ್ಟುವುದಿಲ್ಲ, ಯಜಮಾನನೂ ಮುಟ್ಟುವ ಹಾಗಿಲ್ಲ. ಅರ್ಧಂಬರ್ಧ ಮನೆ ರಸ್ತೆ ಪಕ್ಕ ನಿಂತು ಬಸ್ಸಿನಲ್ಲಿ ಹೋಗುವವರಿಗೆಲ್ಲ ಯಜಮಾನನ ಜಿಪುಣತನವನ್ನು ಸಾರುತ್ತಿರುತ್ತದೆ.

ಮನೆ ಕಟ್ಟಿಸುತ್ತಿದ್ದದ್ದು ವಿಧವೆ ಅತ್ತೆ ಸಿಯೆನಿಗಾಗಿ. ಹೋದ ವರ್ಷದ ಬಿರುಗಾಳಿಗೆ ಆಕೆಯ ಮನೆಯ ತಗಡು ಹಾರಿ ಸಮುದ್ರಕ್ಕೆ ಬಿದ್ದಿತ್ತು. ಮೂರು ದಿನ ಇದ್ದು ಹೋಗುತ್ತೇನೆಂದು ಮಗಳ ಮನೆಗೆ ಬಂದ ಆಕೆ ಹದಿನಾಲ್ಕು ತಿಂಗಳಿಂದ ಅಲ್ಲೇ ಇದ್ದಳು. ಗಾಳಿ ಬರುವ ಜಾಗ ಆಕೆಯದು, ಸೊಳ್ಳೆ ಬರುವ ಮೂಲೆ ಫೆರೆತಿಯದು. ಊಟದ ಪಾಡೂ ಅದೇ. ಬಡಗಿಗೆ ಬಡಿಸಿ ಉಳಿದದ್ದು ಅತ್ತೆಗೆ, ಅತ್ತೆ ಉಳಿಸಿದ್ದು ಫೆರೆತಿಗೆ. ಅವನಿಗೆ ಬೇಕಾಗಿದ್ದದ್ದು ಇಷ್ಟೇ: ಹಿತ್ತಲಿನ ಆ ಮನೆ ಮುಗಿಯಬೇಕು, ಬಡಗಿ ಹೊರಡಬೇಕು, ತನ್ನ ಮನೆಯ ಊಟ ತನ್ನ ತಟ್ಟೆಗೆ ಬರಬೇಕು.

"ಲೂಸಿಯಾ, ಮೂರು ವಾರ ಅಂದಿದ್ದ. ಇದು ಹತ್ತನೇ ವಾರ," ಎಂದ ಹೆಂಡತಿಗೆ.

"ಕೆಲಸ ಅಚ್ಚುಕಟ್ಟಾಗಿ ಮಾಡ್ತಿದಾರೆ ರೀ."

"ಅಚ್ಚುಕಟ್ಟಾಗಿ ತಿಂತಿದಾನೆ."

"ಮೆತ್ತಗೆ ಮಾತಾಡಿ. ಕೇಳಿಸ್ಕೊಂಡು ಎದ್ದುಹೋದ್ರೆ ಅಮ್ಮನ್ನ ಎಲ್ಲಿ ಇರಿಸ್ತೀರಿ? ನಿಮ್ಮ ತಲೆ ಮೇಲಾ?"

ಫೆರೆತಿ ಕೆಲಸಕ್ಕೆ ಹೊರಟ. ಅವನ ಕೆಲಸವೇ ಅನುಮಾನ ಪಡುವುದು. ದಕ್ಕೆಯಲ್ಲಿ ಫೆರಿ ಹತ್ತುವ ಲಾರಿಗಳ ಅಡಿಗೆ ಬಗ್ಗಿ, ಮೂಟೆ ತಿವಿದು, ಏನು ಬಚ್ಚಿಟ್ಟಿದ್ದಾರೆಂದು ಹುಡುಕುವುದು. ಹದಿನೆಂಟು ವರ್ಷ ಹಾಗೆ ಬಗ್ಗಿ ಬಗ್ಗಿ, ಚರ್ಚಿನಲ್ಲಿ ಕೂತಾಗಲೂ ಅವನ ಕಣ್ಣು ಬೆಂಚಿನ ಕೆಳಗೇ ಹೋಗುತ್ತಿತ್ತು.

ದಾರಿಯಲ್ಲಿ ಮೆಲೆಯ ಅಂಗಡಿ. ಬೆಂಕಿಪೊಟ್ಟಣ ಕೇಳಿದರೆ ಮೆಲೆ ಮೊದಲು ಸುದ್ದಿ ಕೊಡುತ್ತಾಳೆ, ಆಮೇಲೆ ಬೆಂಕಿಪೊಟ್ಟಣ.

"ನಿಮ್ಮ ಮೇಸ್ತ್ರಿ ನಿನ್ನೆ ಘಮಘಮಾ ಸೋಪು ತಗೊಂಡೋದ್ರು. ಎರಡು," ಎಂದಳು.

"ಬಡಗಿಗೆ ಯಾಕೆ ಘಮಘಮಾ ಸೋಪು?"

"ಅದನ್ನೇ ನಾನೂ ಬೆಳಿಗ್ಗೆಯಿಂದ ಯೋಚನೆ ಮಾಡ್ತಿರೋದು."

ಅಂಗಡಿ ಜಗಲಿಯ ಮೇಲೆ ಪಕ್ಕದ ಮನೆಯ ತೊಂಗಿಯ ಎಂಬವನು ಕೂತಿದ್ದ. ಈ ಊರಿನಲ್ಲಿ ಮನೆಗಳಿಗೆ ಗೋಡೆಯಿಲ್ಲ, ತೊಂಗಿಯನಿಗೆ ಕೆಲಸವಿಲ್ಲ. ಹೀಗಾಗಿ ಅವನಿಗೆ ಗೊತ್ತಿಲ್ಲದ ವಿಷಯ ಕಡಿಮೆ.

"ಸೋಪು ಬಿಡು," ಎಂದ ಅವನು. "ನಿನ್ನ ಬಡಗಿ ಹಲಗೆ ಹೊತ್ಕೊಂಡು ಸಮುದ್ರದ ಕಡೆ ಹೋಗೋದು ಮೂರು ಸಲ ನೋಡಿದೀನಿ. ಮನೆ ಈ ಕಡೆ ಇದೆ, ಹಲಗೆ ಆ ಕಡೆ ಹೋಗುತ್ತೆ. ನಂಗೇನು, ನನ್ನ ಮರ ಅಲ್ಲವಲ್ಲ."

ಫೆರೆತಿ ಲೆಕ್ಕ ಹಾಕಿದ. ತನ್ನ ಮರ ಮಾರಿ ಸೋಪು ಕೊಳ್ಳುತ್ತಿದ್ದಾನೆ. ಕೆಲಸಕ್ಕೆ ಹೊಟ್ಟೆನೋವೆಂದು ಹೇಳಿಕಳಿಸಿ, ರಸ್ತೆಗೆ ತಾಗಿದ ಹಿತ್ತಲಿನ ಕೆಸುವಿನ ಮಡಿಯೊಳಗೆ ಹೊಕ್ಕು ಕುಕ್ಕರಗಾಲಲ್ಲಿ ಕೂತ. ಕೆಸುವಿನ ಎಲೆಗಳು ಚೆನ್ನಾಗಿ ಮರೆಮಾಡಿದವು. ಸ್ವಲ್ಪ ಹೊತ್ತಿಗೆ ಕೊಡೆ ಬಿಚ್ಚಿಕೊಂಡು ತೊಂಗಿಯನೂ ಬಂದು ಪಕ್ಕದಲ್ಲಿ ಕೂತ.

"ಕೊಡೆ ಮಡಚಯ್ಯ, ಕಾಣ್ಸುತ್ತೆ."

"ಬಿಸಿಲು ಕಣಯ್ಯ. ಪತ್ತೇದಾರಿ ಮಾಡೋರಿಗೆ ತಲೆನೋವು ಬರಬೇಕು ಅಂತ ಇದೆಯಾ?"

ಮೆಲೆ ಅಂಗಡಿಗೆ ಬಾಗಿಲು ಹಾಕಿ ಬಿಸ್ಕತ್ತಿನ ಪೊಟ್ಟಣದೊಂದಿಗೆ ಬಂದಳು. ಪಟ್ಟಣಕ್ಕೆ ಹೊರಟಿದ್ದ ಬಸ್ಸು ನಿಧಾನ ಮಾಡಿತು. "ಫೆರೆತಿ, ಕೆಸು ಮಧ್ಯೆ ಯಾಕೆ ಕೂತಿದೀಯ?" ಎಂದು ಡ್ರೈವರ್ ಕೂಗಿದ. ಫೆರೆತಿ ಇನ್ನಷ್ಟು ಬಗ್ಗಿದ. ತೊಂಗಿಯ ಎದ್ದು ನಿಂತ. "ಕಳ್ಳನ್ನ ಹಿಡೀತಿದೀವಿ," ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿದ.

ಅತ್ತ ಆಲಪಾತಿ ಒಂದೇ ಹಲಗೆಯನ್ನು ಒಂದು ಗಂಟೆಯಿಂದ ಉಜ್ಜುತ್ತಿದ್ದ. ಅತ್ತೆ ಸಿಯೆನಿ ಹರಿವಾಣದಲ್ಲಿ ತೆಂಗಿನಹಾಲು ಹಾಕಿ ಬೇಯಿಸಿದ ಕೆಸುವಿನೆಲೆ ತಂದಿಟ್ಟು, ಎದುರಿಗೆ ಕೂತು ಬೀಸಣಿಗೆಯಿಂದ ನೊಣ ಓಡಿಸತೊಡಗಿದಳು. ಪರವಾಗಿಲ್ಲ, ಅತ್ತೆಯೂ ಅವನ ಮೇಲೆ ಒಂದು ಕಣ್ಣಿಟ್ಟಿದ್ದಾಳೆ ಎಂದು ಫೆರೆತಿಗೆ ಮೊದಲ ಸಲ ಆಕೆಯ ಮೇಲೆ ಗೌರವ ಬಂತು.

ಊಟ ಮುಗಿದದ್ದೇ ಆಲಪಾತಿ ಆಚೀಚೆ ನೋಡಿ, ಎರಡು ಹಲಗೆಗಳನ್ನು ಹೆಗಲಿಗೇರಿಸಿ ಸಮುದ್ರದ ಕಡೆ ನಡೆದ. ಫೆರೆತಿ ಹಿಂದೆ ಬಿದ್ದ. ಅವನ ಹಿಂದೆ ಕೊಡೆ, ಕೊಡೆಯ ಹಿಂದೆ ಬಿಸ್ಕತ್ತು. ದಡದಲ್ಲಿ ಕೊಬ್ಬರಿ ಒಣಗಿಸುವ ಹಳೆಯ ಕೊಟ್ಟಿಗೆ ಇತ್ತು. ಬಡಗಿ ಅದರೊಳಗೆ ಹೋಗುತ್ತಲೇ ಫೆರೆತಿ ನುಗ್ಗಿದ.

ಒಳಗೆ ಒಂದು ಮಂಚ ನಿಂತಿತ್ತು. ಕಾಲುಗಳಿಗೆಲ್ಲ ಹೂಬಳ್ಳಿಯ ಕೆತ್ತನೆ. ಫೆರೆತಿ ಹಾಗೂ ಹೆಂಡತಿ ಇಪ್ಪತ್ತು ವರ್ಷದಿಂದ ನೆಲದ ಮೇಲೆ ಮಲಗುತ್ತಿದ್ದರು. ಅದು ನೆನಪಾಗಿ ಅವನ ಸಿಟ್ಟು ನೆತ್ತಿಗೇರಿತು.

"ನನ್ನ ಮರದಲ್ಲಿ ಮಂಚ ಮಾಡಿ ಯಾರಿಗೆ ಮಾರ್ತಿದೀರಿ ಮೇಸ್ತ್ರಿ? ಹತ್ತು ವಾರ ನನ್ನ ಕೋಳಿ ತಿಂದು ನನ್ನ ಮನೇಲೇ ಕದೀತೀರಾ?"

ಆಲಪಾತಿಯ ಮುಖ ಕೆಂಪಾಯಿತು. ಉಳಿ ಎತ್ತಿಕೊಂಡ, ಬಾಚಿ ಎತ್ತಿಕೊಂಡ, ಬಟ್ಟೆ ಹಾಸಿ ಎಲ್ಲವನ್ನೂ ಸುತ್ತಿ ಗಂಟು ಕಟ್ಟಿದ. ಹೊರಗೆ ನಡೆದು ಹೋಗಿ, ಹೊಸ ಮನೆಯ ಮೆಟ್ಟಿಲ ಮೇಲೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನಾಲ್ಕು ಗಂಟೆಯ ಬಸ್ಸಿಗೆ ಕಾಯುತ್ತ ಕೂತ.

ಫೆರೆತಿಗೆ ಆಗ ಹೊಳೆಯಿತು. ಮೇಸ್ತ್ರಿ ಬಸ್ಸು ಹತ್ತಿದರೆ ಮನೆ ಹಾಗೇ ನಿಲ್ಲುತ್ತದೆ, ಅತ್ತೆ ಸಾಯುವವರೆಗೆ ತನ್ನ ಮನೆಯಲ್ಲೇ ಇರುತ್ತಾಳೆ.

"ನೀನೇ ಅಲ್ವೇನಯ್ಯ ಹಲಗೆ ವಿಷಯ ಹೇಳಿದ್ದು?" ಎಂದ ತೊಂಗಿಯನಿಗೆ.

"ಹಲಗೆ ಹೋಗ್ತಿದೆ ಅಂದೆ. ಬೈ ಅಂದೆನಾ? ಈಗ ಒಂದೇ ದಾರಿ ಇರೋದು. ಚಾಪೆ."

ಅದಂತೂ ನಿಜ. ದೊಡ್ಡ ತಪ್ಪು ಮಾಡಿದವನು ನಯವಾದ ಹಳೆಯ ಚಾಪೆಯೊಂದನ್ನು ತಲೆಯ ಮೇಲೆ ಹೊದ್ದು, ನೊಂದವನ ಮುಂದೆ ಬಗ್ಗಿ ಕೂರಬೇಕು. ಆತ ಚಾಪೆ ಎತ್ತಿದರೆ ಕ್ಷಮಿಸಿದಂತೆ, ಚಾಪೆ ಆತನಿಗೆ ಸೇರುತ್ತದೆ. ಫೆರೆತಿಯ ಮನೆಯ ಚಾಪೆಗಳೆಲ್ಲ ಹೋದ ತಿಂಗಳು ಚಿಕ್ಕಪ್ಪನ ಸಾವಿಗೆ ಹೋಗಿದ್ದವು. ಉಳಿದದ್ದು ಒಂದೇ: ಅತ್ತೆಯ ಹಾಸಿಗೆ ಕೆಳಗೆ ಮಡಚಿಟ್ಟಿದ್ದ, ಅಂಚಿಗೆ ಕೆಂಪು ಗರಿ ಕಟ್ಟಿದ, ಬಟ್ಟೆಯಷ್ಟು ಮೆತ್ತಗಿನ ಚಾಪೆ. ಆಕೆಯ ತಾಯಿ ನೇಯ್ದದ್ದು. ಕೇಳಿದರೆ ಕೊಡುವುದಿಲ್ಲವೆಂದು ಗೊತ್ತಿದ್ದ ಫೆರೆತಿ ಕೇಳಲು ಹೋಗದೆ ಎಳೆದುಕೊಂಡು ಓಡಿದ.

ಮೆಟ್ಟಿಲ ಮುಂದೆ ಮೊಣಕಾಲೂರಿ, ತಲೆ ತುಂಬ ಚಾಪೆ ಹೊದ್ದು ಕೂತ. ಒಳಗೆ ಕತ್ತಲೆ, ಧಗೆ, ಕರ್ಪೂರದ ವಾಸನೆ. ಹೊರಗೆ ಜನ ಸೇರುವ ಸದ್ದು. ಹೆಂಗಸರು "ಕೆಂಪು ಗರಿ, ಸಿಯೆನಿ ಚಾಪೆ" ಎಂದು ಪಿಸುಗುಡುತ್ತಿದ್ದರು. ಯಾರೋ ನಕ್ಕರು. ನಾಲ್ಕು ಗಂಟೆಯ ಬಸ್ಸು ಬಂತು, ನಿಂತಿತು. ಬಸ್ಸಿನವರು ಕೂಡ ನೋಡುವುದಕ್ಕೆ ಇಳಿದರು.

ಆಮೇಲೆ ಚಾಪೆ ಮೇಲೆದ್ದಿತು. ಆಲಪಾತಿಯ ಕಣ್ಣಲ್ಲಿ ನೀರಿತ್ತು.

"ಫೆರೆತಿ, ನಿನ್ನದು ದೊಡ್ಡ ಮನಸ್ಸು," ಎಂದ. "ನೀನು ಕಳ್ಳ ಅಂದಾಗ ಎಲ್ಲ ತಿಳಿದುಬಿಟ್ಟಿದೆ ಅನ್ಕೊಂಡೆ. ಮನೆ ಯಜಮಾನನ್ನ ಕೇಳದೆ ಅವರ ಹತ್ರ ಮಾತಾಡಿದ್ದು ನನ್ನದೇ ತಪ್ಪು. ಅದಕ್ಕೇ ಬಾಯಿ ಬಿಡದೆ ಗಂಟು ಕಟ್ಟಿದೆ. ಈಗ ನೋಡಿದ್ರೆ ಹೆಣ್ಣಿನ ಕಡೆ ಚಾಪೇನ ನೀನೇ ತಲೆ ಮೇಲೆ ಹೊತ್ತು ತಂದಿದೀಯ."

"ಯಾವ ಹೆಣ್ಣು?" ಎಂದ ಫೆರೆತಿ.

ಜನ ದಾರಿ ಬಿಟ್ಟರು. ಅತ್ತೆ ಸಿಯೆನಿ ಕಿವಿಗೆ ದಾಸವಾಳ ಸಿಕ್ಕಿಸಿಕೊಂಡು, ಘಮಘಮಾ ಸೋಪಿನ ವಾಸನೆ ಬೀರುತ್ತ ಬಂದು ಮೇಸ್ತ್ರಿಯ ಪಕ್ಕದಲ್ಲಿ ನಿಂತಳು. ಹೆಣ್ಣಿನ ಕಡೆಯವರು ಊರ ಮುಂದೆ ಚಾಪೆ ಒಪ್ಪಿಸಿದ ಮೇಲೆ ಸಂಬಂಧ ಗಟ್ಟಿಯಾದಂತೆಯೇ. ಪಾದ್ರಿಗಳು ಅಲ್ಲೇ ನಿಂತು ಮದುವೆಗೆ ದಿನ ಹುಡುಕುತ್ತಿದ್ದರು.

"ನಿಮಗೆ ಗೊತ್ತಿರ್ಲಿಲ್ವಾ? ಹತ್ತು ವಾರದಿಂದ ಒಂದೇ ಮನೆ ಕಟ್ತಿದಾರೆ ಅಂದ್ರೆ ಏನು ಅನ್ಕೊಂಡಿದ್ರಿ? ಆ ಮಂಚಾನೂ ಅವರಿಬ್ಬರದೇ," ಎಂದಳು ಲೂಸಿಯಾ.

ಫೆರೆತಿ ಅತ್ತೆಯನ್ನೂ ಮೇಸ್ತ್ರಿಯನ್ನೂ ಸರದಿಯಂತೆ ನೋಡಿದ. ಮರುಕ್ಷಣ ಮುಖ ಅರಳಿತು. ಮದುವೆಯಾದ ಹೆಣ್ಣು ಗಂಡನ ಊರಿಗೆ ಹೋಗಬೇಕು. ಆಲಪಾತಿಯ ಊರು ದ್ವೀಪದ ಆ ತುದಿಯಲ್ಲಿದೆ. ಒಂದು ಚಾಪೆಗೆ ಅತ್ತೆಯೂ ಹೋದಳು, ಬಡಗಿಯೂ ಹೋದ. ಅವನು ನಿಜವಾದ ಸಂತೋಷದಿಂದ ಇಬ್ಬರನ್ನೂ ತಬ್ಬಿಕೊಂಡ.

"ಯಾವಾಗ ಹೊರಡ್ತೀರಿ ಮೇಸ್ತ್ರಿ?"

"ಎಲ್ಲಿಗೆ?"

"ನಿಮ್ಮೂರಿಗೆ."

"ಹೆಂಡತಿ ಸತ್ತ ಮೇಲೆ ಅಲ್ಲಿ ನಾಲ್ಕು ಜನ ಸೊಸೆಯಂದಿರು ಮನೆ ತುಂಬಿಕೊಂಡಿದಾರಪ್ಪ. ನನ್ನ ಕೈಯಾರೆ ಕಟ್ಟಿದ ಮನೆ ಇಲ್ಲೇ ಇದೆಯಲ್ಲ."

ಹೋಗಲಿ, ಬೇರೆ ಮನೆ, ಬೇರೆ ಒಲೆ ಎಂದು ಫೆರೆತಿ ಸಮಾಧಾನ ಮಾಡಿಕೊಂಡ. ಹೊಸ ಮನೆಯನ್ನು ನೋಡಿದ. ಎಲ್ಲ ಮುಗಿದಿತ್ತು. ಸೂರಿನಂಚಿನ ಒಂದು ಹಲಗೆ ಮಾತ್ರ ಕಂಬಕ್ಕೆ ಒರಗಿ ನಿಂತಿತ್ತು.

"ಅದೊಂದು ಹೊಡೆದುಬಿಡಿ ಮೇಸ್ತ್ರಿ. ಎರಡು ಮೊಳೆ ಕೆಲಸ."

ಆಲಪಾತಿ ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿದ. ಸಿಯೆನಿಯೂ ತಟ್ಟಿ ನೋಡಿದಳು. ಇಬ್ಬರೂ ತಲೆಯಾಡಿಸಿದರು.

"ಮರ ಇನ್ನೂ ಹಸಿ. ಒಣಗಲಿ," ಎಂದ ಬಡಗಿ.

"ಎಷ್ಟು ದಿನ?"

"ಗಟ್ಟಿ ಜಾತಿ ಮರ. ವರ್ಷಾನುಗಟ್ಟಲೆ ಬೇಕಾಗುತ್ತೆ."

ಫೆರೆತಿ ಸುತ್ತಿಗೆಗೆ ಕೈ ಹಾಕಿದ. ತೊಂಗಿಯ ಅವನ ರಟ್ಟೆ ಹಿಡಿದುಕೊಂಡ. "ಬೇಡ ಕಣೋ. ಬಡಗಿ ಕೆಲಸ ನೀನು ಮುಟ್ಟಿದ್ರೆ ಆ ಅವಮಾನಕ್ಕೆ ಇನ್ನೊಂದು ಚಾಪೆ ಬೇಕಾಗುತ್ತೆ. ನಿಮ್ಮನೇಲಿ ಉಳಿದಿಲ್ಲ."

ಜನ ಚದುರಿದರು, ಬಸ್ಸು ಹೋಯಿತು. ಫೆರೆತಿ ಸುತ್ತಿಗೆ ಕೆಳಗಿಟ್ಟು, ಮೊಣಕಾಲಿನ ಧೂಳು ಕೊಡವಿಕೊಂಡು ಮನೆಯ ಕಡೆ ತಿರುಗಿದ. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು.

"ಫೆರೆತಿ, ಕೆಲಸ ಇನ್ನೂ ಮುಗಿದಿಲ್ಲ ನೋಡು. ನಿನ್ನ ಮಾವನಿಗೆ ಊಟದ ಹೊತ್ತಾಯ್ತು."